ಮರದ ಮೈಮೇಲಿನ ಸಾಕ್ಷಿ

2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ಮಹಿಳಾ ವಿಶ್ವಕಪ್ ಪಂದ್ಯ ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ಸೆಮಿಫೈನಲ್ ತಲುಪಬೇಕಾದರೆ ಭಾರತ ಅಂದು ನ್ಯೂಜಿಲೆಂಡನ್ನು ಸೋಲಿಸಲೇಬೇಕಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ರನ್ ಹೊಡೆದರು. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಇನ್ನು 20 ವರ್ಷಗಳಾದ ಮೇಲೆ ಯಾರೋ ಒಂದು ಬ್ಯಾಟು ತಂದು ನಿಮ್ಮ ಮುಂದಿಟ್ಟು, ‘ವೇದಾ ಅಂದು ಆಡಿದ ಬ್ಯಾಟು ಇದೇ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಬ್ಯಾಟಿನ ಮೇಲೆ ಸಹಿ ಇದೆ, ಜೊತೆಗೆ ಮುದ್ರೆ ಒತ್ತಿದ ಪ್ರಮಾಣಪತ್ರವೂ ಇದೆ. ಅದನ್ನು ನಂಬುವುದು ಹೇಗೆ?

ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅಲ್ಲಿ ಬೇಸ್‌ಬಾಲ್ ಆಟಗಾರರು ಪಂದ್ಯದಲ್ಲಿ ಬಳಸಿದ ಬ್ಯಾಟುಗಳನ್ನು ಸಂಗ್ರಹಿಸುವ ಹವ್ಯಾಸ ಬಹಳ ಹಳೆಯದು, ಅದರಲ್ಲಿ ಓಡಾಡುವ ಹಣವೂ ದೊಡ್ಡದು. 1923ರಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ ಶುರುವಾದಾಗ ಅಲ್ಲಿ ಮೊದಲ ಹೋಮ್ ರನ್ ಹೊಡೆದವನು ಬೇಬ್ ರೂತ್. ಆ ಬ್ಯಾಟು 2004ರ ಡಿಸೆಂಬರಿನಲ್ಲಿ ಸದಬೀಸ್ ಹರಾಜಿನಲ್ಲಿ 12 ಲಕ್ಷ 65 ಸಾವಿರ ಡಾಲರಿಗೆ ಹೋಯಿತು. ನಮ್ಮಲ್ಲೂ ಈ ಗಾಳಿ ಬೀಸಿದೆ. 2011ರ ವಿಶ್ವಕಪ್ ಫೈನಲ್ಲಿನಲ್ಲಿ ಧೋನಿ ಗೆಲುವಿನ ಸಿಕ್ಸರ್ ಎತ್ತಿದ ಬ್ಯಾಟಿಗೆ ಅದೇ ವರ್ಷದ ಜುಲೈನಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಲಕ್ಷ ಪೌಂಡ್ ಬಂತು. 2024ರ ಆಗಸ್ಟಿನಲ್ಲಿ ಮಂಗಳೂರಿನ ಕೆ.ಎಲ್. ರಾಹುಲ್ ದಂಪತಿ ವಿಶೇಷ ಮಕ್ಕಳ ನೆರವಿಗೆಂದು ನಡೆಸಿದ ಹರಾಜಿನಲ್ಲಿ ರೋಹಿತ್ ಶರ್ಮಾ ಬ್ಯಾಟು 24 ಲಕ್ಷಕ್ಕೂ ದ್ರಾವಿಡ್ ಬ್ಯಾಟು 11 ಲಕ್ಷಕ್ಕೂ ಮಾರಾಟವಾದವು.

ಆಟಗಾರ ತಾನೇ ಕೈಯಾರೆ ಎತ್ತಿಕೊಟ್ಟಾಗ ಅನುಮಾನಕ್ಕೆ ಜಾಗವಿಲ್ಲ. ಬ್ಯಾಟು ಎರಡನೆಯ, ಮೂರನೆಯ ಕೈಗೆ ಹೋದಾಗ ತಕರಾರು ಏಳುತ್ತದೆ. ಪರೀಕ್ಷಕನ ಕೆಲಸ ಶುರುವಾಗುವುದು ಅಲ್ಲಿಂದ.

ಅವನು ಮೊದಲು ಮೂರು ಬಗೆಯ ಬ್ಯಾಟುಗಳನ್ನು ಬೇರೆ ಮಾಡಿಕೊಳ್ಳುತ್ತಾನೆ. ಆಟಗಾರನ ಹೆಸರು ಹೊತ್ತು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಬ್ಯಾಟು ಒಂದು. ಕಾರ್ಖಾನೆಯವರು ಆಟಗಾರನಿಗಾಗಿಯೇ ಅಳತೆ ಹಿಡಿದು ಮಾಡಿಕೊಟ್ಟರೂ ಅವನು ಮೈದಾನಕ್ಕೆ ಒಯ್ಯದೇ ಬಿಟ್ಟದ್ದು ಇನ್ನೊಂದು. ನಿಜಕ್ಕೂ ಪಂದ್ಯದಲ್ಲಿ ಚೆಂಡಿಗೆ ಎದೆಯೊಡ್ಡಿದ್ದು ಮೂರನೆಯದು. ನೋಟಕ್ಕೆ ಮೂರೂ ಒಂದೇ, ಬೆಲೆ ಮಾತ್ರ ನೆಲಕ್ಕೂ ಮುಗಿಲಿಗೂ ಇರುವಷ್ಟು ಬೇರೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಎತ್ತು ಕೊಳ್ಳಲು ಬಂದ ರೈತ ಮಾರುವವನ ಮಾತಿಗೆ ಕಿವಿಗೊಡುವ ಮೊದಲು ಎತ್ತಿನ ಹೆಗಲ ಮೇಲೆ ಕೈಯಾಡಿಸುತ್ತಾನೆ. ನೊಗ ಹೊತ್ತ ಹೆಗಲು ಜಡ್ಡುಗಟ್ಟಿರುತ್ತದೆ, ಅದನ್ನು ಒಂದು ದಿನದಲ್ಲಿ ಯಾರೂ ಹುಟ್ಟಿಸಲಾರರು. ಬ್ಯಾಟು ನೋಡುವವನು ಹುಡುಕುವುದೂ ಅಂಥ ಜಡ್ಡನ್ನೇ.

ಬೇಸ್‌ಬಾಲ್ ಬ್ಯಾಟು ನಮ್ಮ ಕ್ರಿಕೆಟ್ ಬ್ಯಾಟಿನಂತೆ ಚಪ್ಪಟೆಯಲ್ಲ. ಆ್ಯಶ್ ಅಥವಾ ಮೇಪಲ್ ಮರವನ್ನು ಕಡೆದು ಮಾಡಿದ ಗುಂಡನೆಯ ದೊಣ್ಣೆ ಅದು. ಉದ್ದ 42 ಅಂಗುಲ ಮೀರುವಂತಿಲ್ಲ. ಲೂಯಿವಿಲ್ ಪಟ್ಟಣದ ಹಿಲರಿಚ್ ಆ್ಯಂಡ್ ಬ್ರಾಡ್ಸ್‌ಬಿ ಕಾರ್ಖಾನೆ ಈ ಬ್ಯಾಟುಗಳಿಗೆ ಜಗತ್ತಿನಲ್ಲೇ ಹೆಸರಾದದ್ದು. ಯಾವ ಆಟಗಾರನಿಗೆ ಯಾವಾಗ, ಯಾವ ಮಾದರಿಯ, ಎಷ್ಟು ಉದ್ದದ, ಎಷ್ಟು ತೂಕದ ಬ್ಯಾಟು ಕಳಿಸಿದೆವು ಎಂಬುದನ್ನು ಅಲ್ಲಿನವರು ಬರೆದಿಟ್ಟಿದ್ದರು. ಹೀಗಾಗಿ ಪರೀಕ್ಷೆಯ ಮೊದಲ ಹೆಜ್ಜೆ ತಕ್ಕಡಿ ಮತ್ತು ಅಳತೆಪಟ್ಟಿ. ಕಾರ್ಖಾನೆಯ ಲೆಕ್ಕದಲ್ಲಿ ಆ ಆಟಗಾರನಿಗೆ ಅಂಥ ಬ್ಯಾಟು ಹೋಗಿಯೇ ಇಲ್ಲವೆಂದರೆ ಮುಂದಿನ ಮಾತಿಗೆ ಬಲ ಉಳಿಯುವುದಿಲ್ಲ.

ಕಾರ್ಖಾನೆಯ ಮುದ್ರೆಗಳೂ ಕಾಲ ಹೇಳುತ್ತವೆ. ಮಾದರಿಯ ಸಂಖ್ಯೆಯನ್ನು 1940ರ ದಶಕದಿಂದ 1975ರವರೆಗೆ ಹಿಡಿಯ ಬುಡದ ಗುಬ್ಬಿಯ ಮೇಲೆ ಒತ್ತುತ್ತಿದ್ದರು, 1976ರಿಂದ ಅದು ಬ್ಯಾಟಿನ ದಪ್ಪ ಭಾಗಕ್ಕೆ ಹೋಯಿತು. ಬೇಬ್ ರೂತ್ ಹೆಸರಿನ ಮಾದರಿಗೆ ಆರ್-43 ಎಂಬ ಸಂಖ್ಯೆ. ಗುಬ್ಬಿಯ ಮೇಲೆ ಆ ಸಂಖ್ಯೆ ಕಂಡ ಕೂಡಲೇ ಹೊಸಬರು ಹಿಗ್ಗುತ್ತಾರೆ. ಆದರೆ ರೂತ್ ಆಟ ಬಿಟ್ಟದ್ದು 1935ರಲ್ಲಿ. ಆ ಮುದ್ರೆಯ ಬ್ಯಾಟು ರೂತನ ಮಾದರಿಯನ್ನು ಮೆಚ್ಚಿಕೊಂಡ ಇನ್ಯಾವನೋ ಮುಂದಿನ ತಲೆಮಾರಿನ ಆಟಗಾರನದ್ದು.

ಈ ವಿದ್ಯೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಕಾರ್ಖಾನೆಗೆ ಮರಳಿದ ಬ್ಯಾಟುಗಳು. ಒಂದು ಬ್ಯಾಟು ಕೈಗೆ ಕುದುರಿತು, ಆಡುತ್ತ ಸೀಳಿತು ಎಂದಾಗ ಆಟಗಾರ ಅದನ್ನೇ ಲೂಯಿವಿಲ್‌ಗೆ ಕಳಿಸಿ ‘ಇಂಥದ್ದೇ ಇನ್ನಷ್ಟು ಮಾಡಿಕೊಡಿ’ ಎಂದು ಕೇಳುತ್ತಿದ್ದ. ಬ್ಯಾಟು ಬಂದ ದಿನ ಕಾರ್ಖಾನೆಯ ಕೆಲಸಗಾರ ಅದರ ಮೈಮೇಲೆ ಮೇಣದ ಪೆನ್ಸಿಲಿನಿಂದ ಆಟಗಾರನ ಹೆಸರು, ತಾರೀಖು ಗೀಚುತ್ತಿದ್ದ. ಮುಂದೊಂದು ದಿನ ಇದಕ್ಕೆ ಲಕ್ಷಗಟ್ಟಲೆ ಬೆಲೆ ಬಂದೀತು ಎಂಬ ಯೋಚನೆ ಆ ಕೈಗೆ ಇರಲಿಲ್ಲ. ಯಾರನ್ನೂ ನಂಬಿಸಲೆಂದು ಬರೆದದ್ದಲ್ಲವಾದ್ದರಿಂದ ಆ ಬರಹವನ್ನು ಸಂಗ್ರಾಹಕರು ಇವತ್ತು ಎಲ್ಲಕ್ಕಿಂತ ಹೆಚ್ಚು ನಂಬುತ್ತಾರೆ.

ಇನ್ನು ಬಳಕೆಯ ಗುರುತು. ಚೆಂಡು ರಭಸದಿಂದ ಬಡಿದಾಗ ಅದರ ಹೊಲಿಗೆ ಮರಕ್ಕೆ ಅಚ್ಚೊತ್ತುತ್ತದೆ. ಚೆಂಡಿನ ಮೇಲಿನ ಅಕ್ಷರಗಳ ಶಾಯಿಯೂ ಕೆಲವೊಮ್ಮೆ ತಿರುಗುಮುರುಗಾಗಿ ಅಂಟಿಕೊಂಡಿರುತ್ತದೆ. 1999ರವರೆಗೆ ಅಲ್ಲಿನ ಎರಡು ದೊಡ್ಡ ಲೀಗುಗಳಲ್ಲಿ ಅಮೆರಿಕನ್ ಲೀಗ್ ಚೆಂಡಿನ ಅಕ್ಷರ ನೀಲಿ, ನ್ಯಾಷನಲ್ ಲೀಗ್ ಚೆಂಡಿನದು ಕಪ್ಪು. ತನ್ನ ಕಾಲವೆಲ್ಲ ನ್ಯಾಷನಲ್ ಲೀಗಿನಲ್ಲೇ ಕಳೆದವನ ಬ್ಯಾಟಿನ ಮೇಲೆ ಬರೀ ನೀಲಿ ಶಾಯಿ ಕಂಡರೆ ಪರೀಕ್ಷಕ ಕನ್ನಡಕ ಸರಿಮಾಡಿಕೊಂಡು ಕೂರುತ್ತಾನೆ. ಬ್ಯಾಟು ನಿಲ್ಲಿಸುವ ಚೌಕಟ್ಟಿನ ಬಣ್ಣ ಪಕ್ಕಕ್ಕೆ ಗೆರೆಗೆರೆಯಾಗಿ ಹತ್ತಿರುತ್ತದೆ. ಬೂಟಿಗೆ ಮೆತ್ತಿದ ಮಣ್ಣನ್ನು ಆಟಗಾರರು ಬ್ಯಾಟಿನಿಂದ ತಟ್ಟಿ ಉದುರಿಸುವುದರಿಂದ ಬೂಟಿನ ಮೊಳೆಗಳ ಸಣ್ಣ ಕುಳಿಗಳೂ ಇರುತ್ತವೆ. ಹಿಡಿಗೆ ಪೈನ್ ಮರದ ಅಂಟು ಬಳಿಯುವುದು ಅಲ್ಲಿನ ರೂಢಿ, ನಿಯಮದ ಪ್ರಕಾರ ಅದು 18 ಅಂಗುಲ ದಾಟಬಾರದು. ಯಾರು ಎಲ್ಲಿ, ಎಷ್ಟು ದಪ್ಪ ಬಳಿಯುತ್ತಿದ್ದರು ಎಂಬುದು ಹಳೆಯ ಫೋಟೊಗಳಲ್ಲಿ ಕಾಣಸಿಗುತ್ತದೆ. ಇವನ್ನೆಲ್ಲ ಕೂಡಿಸಿ, ಕಾರ್ಖಾನೆಯ ದಾಖಲೆ, ಬಳಕೆ, ಬ್ಯಾಟು ಕೈದಾಟಿದ ಚರಿತ್ರೆ ಮೂರನ್ನೂ ತೂಗಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಅಲ್ಲಿ ಬೇರೂರಿದೆ.

ಕ್ರಿಕೆಟ್ ಬ್ಯಾಟಿಗೂ ಇದೇ ಕಣ್ಣು ಹಾಯಿಸಬಹುದು. ವಿಲೋ ಮರ ಮೆತ್ತಗಿನದು, ತನಗಾದದ್ದನ್ನೆಲ್ಲ ಮೈಮೇಲೆ ಉಳಿಸಿಕೊಳ್ಳುತ್ತದೆ. ಹಗಲು ಟೆಸ್ಟಿನ ಚೆಂಡು ಬಿಡುವುದು ಕೆಂಪು ಕಲೆ, ಈಗಿನ ಏಕದಿನ ಮತ್ತು ಟಿ20 ಚೆಂಡು ಬಿಡುವುದು ಬಿಳಿಯ ಗುರುತು. ಹಗಲು ಟೆಸ್ಟಿನಲ್ಲಿ ಶತಕ ಬಾರಿಸಿದ ಬ್ಯಾಟು ಎನ್ನುವುದರ ಮೇಲೆ ಒಂದೇ ಒಂದು ಕೆಂಪು ಕಲೆ ಇಲ್ಲದಿದ್ದರೆ ಏನೋ ಎಡವಟ್ಟಿದೆ. ಹೊಸ ಬ್ಯಾಟನ್ನು ಮರದ ಸುತ್ತಿಗೆಯಿಂದ ತಟ್ಟಿ ಹದಗೊಳಿಸಿದಾಗ ಬೀಳುವ ತಗ್ಗುಗಳಿಗೆ ಬಣ್ಣವಿರುವುದಿಲ್ಲ, ಅವು ಮೈತುಂಬ ಒಂದೇ ಸಮನೆ ಹರಡಿರುತ್ತವೆ. ಪಂದ್ಯದ ಪೆಟ್ಟುಗಳು ಹಾಗಲ್ಲ. ಒಳ್ಳೆಯ ಆಟಗಾರನ ಬ್ಯಾಟಿನಲ್ಲಿ ಅವು ನಡುವಿನ ಒಂದು ಕಡೆ ಗುಂಪುಗೂಡಿರುತ್ತವೆ, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು. ತುದಿಯನ್ನು ನೆಲಕ್ಕೆ ತಟ್ಟಿ ತಟ್ಟಿ ಅಲ್ಲಿ ಪಿಚ್ಚಿನ ಮಣ್ಣು ಮರದೊಳಕ್ಕೆ ಇಳಿದಿರುತ್ತದೆ.

ನಿಯಮಗಳೂ ನೆರವಿಗೆ ಬರುತ್ತವೆ. 2017ರ ಅಕ್ಟೋಬರ್ 1ರಿಂದ ಬ್ಯಾಟಿನ ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67 ಮಿಲಿಮೀಟರ್ ಮೀರಬಾರದೆಂದಾಯಿತು. ಅದಕ್ಕಿಂತ ದಪ್ಪ ಅಂಚಿನ ಬ್ಯಾಟನ್ನು 2019ರ ವಿಶ್ವಕಪ್ಪಿನದೆಂದು ಮಾರಲು ಬಂದವನನ್ನು ಒಂದು ಅಳತೆಗೋಲಿನಿಂದಲೇ ಹಿಂದಕ್ಕೆ ಕಳಿಸಬಹುದು. ಸ್ಟಿಕ್ಕರ್‌ಗಳ ಕತೆ ಇನ್ನೂ ಸ್ವಾರಸ್ಯದ್ದು. 1996ರ ವಿಶ್ವಕಪ್ಪಿನಲ್ಲಿ ಸಚಿನ್ ತೆಂಡೂಲ್ಕರ್ ಆಡಿದ್ದು ಯಾವ ಕಂಪನಿಯ ಹೆಸರೂ ಇಲ್ಲದ ಬೋಳು ಬ್ಯಾಟಿನಲ್ಲಿ. ಎಂಆರ್‌ಎಫ್ ಅಕ್ಷರಗಳು ಬಂದದ್ದು ಆಮೇಲೆ. ಮೂರು ಅಕ್ಷರ ಜಾಸ್ತಿ ಇದ್ದದ್ದರಿಂದಲೇ ಒಂದು ‘ಐತಿಹಾಸಿಕ’ ಬ್ಯಾಟು ಸುಳ್ಳಾಗಿಬಿಡಬಹುದು. ಹಾಗೆಂದು ಸ್ಟಿಕ್ಕರ್ ನೋಡಿ ಬ್ಯಾಟು ಮಾಡಿದವರು ಯಾರೆಂದು ತೀರ್ಮಾನಿಸುವಂತಿಲ್ಲ. ಒಬ್ಬರು ಕೆತ್ತಿದ ಬ್ಯಾಟಿಗೆ ಇನ್ನೊಬ್ಬರ ಹೆಸರು ಅಂಟಿಸುವುದು ಈ ಆಟದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಸಹಿಯನ್ನು ಪರೀಕ್ಷಕರು ಕಡೆಗೆ ನೋಡುತ್ತಾರೆ, ಅದೂ ಭೂತಗನ್ನಡಿ ಹಿಡಿದು. ಶಾಯಿಯ ಗೆರೆ ಚೆಂಡಿನ ಕಲೆಯ ಮೇಲೆ ಹಾದಿದೆಯೋ, ಕಲೆಯ ಅಡಿಯಲ್ಲಿ ಹೂತಿದೆಯೋ? ಪೆಟ್ಟಿನ ತಗ್ಗಿನೊಳಕ್ಕೆ ಶಾಯಿ ಇಳಿದು ಹರಿದಿದ್ದರೆ ಪೆಟ್ಟು ಮೊದಲು, ಸಹಿ ನಂತರ. ಗೆರೆ ತಗ್ಗಿನಲ್ಲಿ ಮುರಿದು ಚೂರಾಗಿದ್ದರೆ ಸಹಿ ಬಿದ್ದ ಮೇಲೆ ಯಾರೋ ಬ್ಯಾಟಿಗೆ ಏಟು ಹಾಕಿದ್ದಾರೆ. ಇಷ್ಟು ಚಿಕ್ಕ ವಿವರದಲ್ಲಿ ಒಂದು ಮೋಸ ಬಯಲಾಗುತ್ತದೆ.

ಈಗ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಂದು ಒಪ್ಪಿಕೊಂಡಿರುವುದು ಪಂದ್ಯದ ದಿನದ ಫೋಟೊ. ಮರದ ಎಳೆಗಳು ಒಂದು ಬ್ಯಾಟಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಎಳೆ ಎಲ್ಲಿ ಬಾಗಿದೆ, ಕಂದು ಚುಕ್ಕೆ ಎಲ್ಲಿದೆ, ಹಿಡಿಯಿಂದ ಎಷ್ಟು ದೂರದಲ್ಲಿ ಎರಡು ಎಳೆ ಹತ್ತಿರ ಬಂದಿವೆ ಎಂಬುದನ್ನು ಆ ದಿನದ ಸ್ಪಷ್ಟ ಚಿತ್ರದ ಜೊತೆ ಇಟ್ಟು ಹೋಲಿಸುತ್ತಾರೆ. ಕೂಡಿಬಂದರೆ ವಾದ ಮುಗಿಯಿತು. ಹಾಗಾಗಿ ಮೈದಾನದ ಅಂಚಿನಲ್ಲಿ ಕೂತ ಫೋಟೊಗ್ರಾಫರ್ ತನಗೇ ಗೊತ್ತಿಲ್ಲದೆ ಈ ಕಸುಬಿನ ದೊಡ್ಡ ಆಸರೆ.

ಕಾಗದವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಗ್ಯಾರಿ ಸೋಬರ್ಸ್ ಹೆಸರಿನ ಒಂದು ಚೆಂಡಿನ ಕತೆ ಕೇಳಬೇಕು. 1968ರ ಆಗಸ್ಟ್ 31ರಂದು ಸ್ವಾನ್ಸಿಯಲ್ಲಿ ಮಾಲ್ಕಮ್ ನ್ಯಾಶ್ ಓವರಿನ ಆರೂ ಎಸೆತಗಳನ್ನು ಸೋಬರ್ಸ್ ಸಿಕ್ಸರಿಗೆ ಎತ್ತಿದರು. 2006ರಲ್ಲಿ ‘ಆ ಚೆಂಡು’ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ 26,400 ಪೌಂಡಿಗೆ ಹೋಯಿತು. ಜೊತೆಯಲ್ಲಿ ಸ್ವತಃ ಸೋಬರ್ಸ್ ಸಹಿ ಹಾಕಿದ ಪ್ರಮಾಣಪತ್ರವಿತ್ತು. ಗ್ರಹಾಂ ಲಾಯ್ಡ್ ಎಂಬ ಪತ್ರಕರ್ತ ಬೆನ್ನು ಹತ್ತಿ ಹುಡುಕಿದಾಗ ಬೇರೆಯದೇ ಸಂಗತಿ ಎದುರಾಯಿತು. ಮಾರಾಟವಾದದ್ದು ಡ್ಯೂಕ್ ಕಂಪನಿಯ ಚೆಂಡು. ನ್ಯಾಶ್ ಹೇಳಿದಂತೆ ಅವರು ಅಂದು ಎಸೆದದ್ದು ಸ್ಟುವರ್ಟ್ ಸರ್ರಿಜ್ ಕಂಪನಿಯದು, ಓವರ್ ಪೂರ್ತಿ ಒಂದೇ ಚೆಂಡು. ಲಾಯ್ಡ್ ಈ ಹುಡುಕಾಟವನ್ನೇ ಪುಸ್ತಕ ಮಾಡಿದರು. ಸೋಬರ್ಸ್ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ದಶಕಗಳ ಹಿಂದಿನ ಚೆಂಡನ್ನು ಗುರುತಿಸುವ ಭಾರವನ್ನು ಒಬ್ಬ ಮುದುಕನ ನೆನಪಿನ ಮೇಲೆ ಹೊರಿಸಿದ್ದೇ ತಪ್ಪು.

ಅಮೆರಿಕನ್ನರು ಇದರ ಮದ್ದನ್ನು ಮೈದಾನದಲ್ಲೇ ಹುಡುಕಿಕೊಂಡರು. ನಕಲಿ ಸಹಿಗಳ ದೊಡ್ಡ ಜಾಲವನ್ನು ಎಫ್‌ಬಿಐ ಭೇದಿಸಿದ ಮೇಲೆ, 2001ರಿಂದ ಮೇಜರ್ ಲೀಗ್ ಬೇಸ್‌ಬಾಲ್ ತನ್ನ ಪಂದ್ಯಗಳಿಗೆ ಸಾಕ್ಷಿದಾರರನ್ನು ಕೂರಿಸತೊಡಗಿತು. ಅವರು ಪೊಲೀಸ್ ಇಲಾಖೆಯಲ್ಲಿ ಇರುವವರು ಇಲ್ಲವೇ ನಿವೃತ್ತರಾದವರು. ಕಣ್ಣಾರೆ ಕಂಡ ಬ್ಯಾಟಿಗೆ, ಚೆಂಡಿಗೆ ಮಾತ್ರ ಸಂಖ್ಯೆಯುಳ್ಳ ಹೊಳೆಯುವ ಚೀಟಿ ಅಂಟಿಸುತ್ತಾರೆ. ಕಿತ್ತರೆ ಅದು ಹಾಳಾಗುತ್ತದೆ. ಕೊಂಡವನು ಆ ಸಂಖ್ಯೆ ಹಾಕಿ ಯಾವ ಪಂದ್ಯದ್ದೆಂದು ತಾನೇ ನೋಡಿಕೊಳ್ಳಬಹುದು.

ನಮ್ಮ ಕ್ರಿಕೆಟ್ಟಿನಲ್ಲಿ ಅಂಥ ಏರ್ಪಾಡು ಬೇರೂರಿಲ್ಲ, ಇದು ನನಗೆ ನಿಜಕ್ಕೂ ನೋವಿನ ವಿಷಯ. ಪುಣೆಯ ಬ್ಲೇಡ್ಸ್ ಆಫ್ ಗ್ಲೋರಿ ವಸ್ತುಸಂಗ್ರಹಾಲಯದಂಥ ಕಡೆ ಆಟಗಾರರಿಂದ ಬಂದ ಬ್ಯಾಟುಗಳನ್ನು ಜೋಪಾನ ಮಾಡಿದ್ದಾರೆ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರಿಗೆ ಸೊಲ್ಲಾಪುರ ದಾಟಿದರೆ ಪುಣೆ, ಆಸಕ್ತರು ಹೋಗಿ ನೋಡಬೇಕು. ಆದರೆ ರಣಜಿ, ಲೀಗ್, ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ ಮುರಿದ ಬ್ಯಾಟುಗಳ ಗತಿ ಏನು? ಹೆಸರಿಲ್ಲದೆ ಅಟ್ಟ ಸೇರಿದ ಬ್ಯಾಟು ಒಂದು ತಲೆಮಾರು ಕಳೆಯುವಷ್ಟರಲ್ಲಿ ಬರೀ ಕಟ್ಟಿಗೆ.

ಬಾಯಲ್ಲಿದ್ದದ್ದು, ಬಳಕೆಯಲ್ಲಿದ್ದದ್ದು ಕಳೆದುಹೋಗುವ ಮುನ್ನ ಬರೆದಿಡಬೇಕು ಎಂಬ ಅರಿವು ನಮ್ಮ ಜಿಲ್ಲೆಗೆ ಹೊಸದಲ್ಲ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕುಟ್ಟುವ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಹಾಕಿದ್ದರಿಂದ 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಹಾಡುವವರು ಇನ್ನೂ ಇದ್ದಾಗಲೇ ಅವರು ಆ ಕೆಲಸಕ್ಕೆ ಕೂತರು. ಆಟದ ಸಾಮಾನಿಗೂ ಅದೇ ಹೊತ್ತು ಬಂದಿದೆ. ರಾಜೇಶ್ವರಿಯಂಥವರು ಇನ್ನೂ ನಮ್ಮ ನಡುವೆ ಇದ್ದಾರೆ, ಯಾವ ಪಂದ್ಯಕ್ಕೆ ಯಾವ ಚೆಂಡು ಎಂದು ಹೇಳಬಲ್ಲವರು ಅವರೇ.

ಇದಕ್ಕೆ ದೊಡ್ಡ ಖರ್ಚಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲೇ ಟೂರ್ನಿ ಇರಲಿ, ಶತಕ ಹೊಡೆದ ಹುಡುಗ ಅಥವಾ ಹುಡುಗಿಯ ಬ್ಯಾಟನ್ನು ಅಂದೇ ಸಂಜೆ ಬೆಳಕಿರುವಾಗ ನಾಲ್ಕೂ ಬದಿಯಿಂದ ಹತ್ತಿರದಿಂದ ಫೋಟೊ ತೆಗೆದುಕೊಳ್ಳಿ. ಮರದ ಎಳೆಗಳು ಸ್ಪಷ್ಟವಾಗಿ ಕಾಣಬೇಕು. ಸ್ಟಿಕ್ಕರ್ ಕೀಳಬೇಡಿ, ಕಲೆ ಉಜ್ಜಬೇಡಿ, ಉಪ್ಪುಕಾಗದ ಮುಟ್ಟಿಸಬೇಡಿ, ಎಣ್ಣೆ ಹಚ್ಚಿ ಹೊಳಪು ಕೊಡಬೇಡಿ. ತೂಕ ಮತ್ತು ಅಂಚಿನ ಅಳತೆ ಬರೆದುಕೊಳ್ಳಿ. ಹಿಡಿಯ ರಬ್ಬರು ಸರಿಸಿ ಅದರ ಕೆಳಗೆ ಪೆನ್ಸಿಲಿನಿಂದ ಊರು, ತಾರೀಖು, ಎದುರಾಳಿ ತಂಡದ ಹೆಸರು ಬರೆದು ಮತ್ತೆ ಮುಚ್ಚಿ. ಸ್ಕೋರು ಪುಸ್ತಕದ ಆ ಪುಟಕ್ಕೆ ಅಂಪೈರರ ಸಹಿ ಹಾಕಿಸಿ ಅದರ ಚಿತ್ರವನ್ನೂ ಫೋಟೊಗಳ ಜೊತೆಗೇ ಇಡಿ. ಬ್ಯಾಟು ಬೇರೆಯವರಿಗೆ ಕೊಟ್ಟರೆ ಯಾರಿಗೆ, ಯಾವಾಗ ಎಂಬ ಒಂದು ಸಾಲನ್ನು ಅದೇ ಕಾಗದದ ಕೆಳಗೆ ಸೇರಿಸಿ.