ಹಾಸಿಗೆ ಒದ್ದೆಮಾಡುವ ಮಗುವೂ ವಿದ್ಯುತ್ ಗಂಟೆಯೂ

ಬೆಳಗಾಗುತ್ತಲೇ ಮಗುವಿನ ಹಾಸಿಗೆಯನ್ನು ಬಿಸಿಲಿಗೆ ಹರಡುವುದು ಅನೇಕ ಮನೆಗಳಲ್ಲಿ ನಿತ್ಯದ ಕೆಲಸ. ಅದರ ಜೊತೆಗೆ ಗದರಿಕೆಯೂ ಅಣಕವೂ ನಡೆಯುತ್ತವೆ. "ಇಷ್ಟು ದೊಡ್ಡವನಾದೆ, ನಾಚಿಕೆಯಾಗುವುದಿಲ್ಲವೆ?" ಎಂದು ಕೇಳುವವರು ಹಲವರು, ಬರೆ ಹಾಕುತ್ತೇನೆಂದು ಹೆದರಿಸುವವರೂ ಉಂಟು. ಮಗು ತಲೆ ತಗ್ಗಿಸಿ ನಿಲ್ಲುತ್ತದೆ. ಮರುದಿನವೂ ಹಾಸಿಗೆ ಒದ್ದೆಯಾಗಿಯೇ ಇರುತ್ತದೆ. ನಿದ್ದೆಯಲ್ಲಿ ತನಗೆ ಅರಿವಿಲ್ಲದೆ ನಡೆದ ಕ್ರಿಯೆಗೆ ಎಚ್ಚರವಾದ ಮೇಲೆ ಶಿಕ್ಷೆ ಕೊಟ್ಟರೆ ಅದು ಫಲಿಸುವುದಾದರೂ ಹೇಗೆ? ಹಾಗಾದರೆ ಫಲಿಸುವ ಉಪಾಯ ಯಾವುದು? ಈ ಪ್ರಶ್ನೆಗೆ ದೊರೆತ ಉತ್ತಮ ಉತ್ತರಗಳಲ್ಲೊಂದು, ನಾವು ಶಾಲೆಯ ಪ್ರಯೋಗಶಾಲೆಯಲ್ಲಿ ನೋಡುವ ಒಂದು ಸರಳ ವಿದ್ಯುನ್ಮಂಡಲವೇ ಆಗಿದೆ.

ಮೊದಲು ಇದು ಎಷ್ಟು ಸಾಮಾನ್ಯವಾದುದೆಂಬುದನ್ನು ತಿಳಿಯೋಣ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ರಾತ್ರಿ ಹಾಸಿಗೆ ಒದ್ದೆಮಾಡುತ್ತಾರೆ. ಚಿಕಿತ್ಸೆಯಿಲ್ಲದೆಯೇ ಇಂಥ ಮಕ್ಕಳಲ್ಲಿ ಪ್ರತಿ ವರ್ಷವೂ ನೂರಕ್ಕೆ ಸುಮಾರು 15 ಮಂದಿಗೆ ಅದು ತಾನಾಗಿ ನಿಂತುಹೋಗುತ್ತದೆ. ಆದರೂ ಹದಿನೈದನೆಯ ವಯಸ್ಸಿನಲ್ಲಿಯೂ ನೂರರಲ್ಲಿ ಒಬ್ಬಿಬ್ಬರಿಗೆ ಈ ತೊಂದರೆ ಉಳಿದಿರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. ತಂದೆತಾಯಿಗಳಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಇದು ಇದ್ದಿದ್ದರೆ ಮಗುವಿಗೆ ಬರುವ ಸಂಭವ ಅಧಿಕ; ಇಬ್ಬರಿಗೂ ಇದ್ದಿದ್ದರೆ ಇನ್ನೂ ಅಧಿಕ. ಗದರಿಸುವ ತಂದೆಯೇ ಮಗುವಿಗೆ ಈ ಸ್ವಭಾವವನ್ನು ಆನುವಂಶಿಕವಾಗಿ ಕೊಟ್ಟಿರುವುದು ಅಪರೂಪವೇನಲ್ಲ!

ಇನ್ನು ಶರೀರದ ವ್ಯವಸ್ಥೆಯನ್ನು ನೋಡೋಣ. ಮೂತ್ರಪಿಂಡಗಳು ರಕ್ತವನ್ನು ಸದಾ ಸೋಸುತ್ತಿರುತ್ತವೆ. ವಯಸ್ಕನಲ್ಲಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವ ಸೋಸಲ್ಪಟ್ಟು, ಅದರಲ್ಲಿ ಬಹುಭಾಗ ಮತ್ತೆ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಉಳಿಯುತ್ತದೆ. ಅದು ಮೂತ್ರಕೋಶವೆಂಬ ಸ್ನಾಯುವಿನ ಚೀಲದಲ್ಲಿ ಸಂಗ್ರಹವಾಗುತ್ತದೆ. ಮಗುವಿನ ವಯಸ್ಸಿಗೆ ಒಂದನ್ನು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಈ ಚೀಲ ಎಷ್ಟು ಮಿಲಿಲೀಟರು ಹಿಡಿಯಬಹುದೆಂಬ ಅಂದಾಜು ದೊರೆಯುತ್ತದೆ. ಆರು ವರ್ಷದ ಮಗುವಿಗೆ ಅದು ಸುಮಾರು 210 ಮಿಲಿಲೀಟರು. ಚೀಲ ತುಂಬುತ್ತ ಬಂದಂತೆ ಅದರ ಗೋಡೆ ಹಿಗ್ಗಿ, ಅಲ್ಲಿರುವ ನರಗಳು ಬೆನ್ನುಹುರಿಗೂ ಮಿದುಳಿಗೂ ಸೂಚನೆ ಕಳುಹಿಸುತ್ತವೆ. ಹಸುಗೂಸಿನಲ್ಲಿ ಈ ಸೂಚನೆ ಬಂದೊಡನೆ ಚೀಲ ತಾನಾಗಿ ಸಂಕುಚಿಸಿ ಬರಿದಾಗುತ್ತದೆ. ಮಗು ಬೆಳೆದಂತೆ ಮಿದುಳು ಈ ಕ್ರಿಯೆಯನ್ನು ತಡೆಹಿಡಿಯಲು ಕಲಿಯುತ್ತದೆ; ಮೊದಲು ಹಗಲಿನಲ್ಲಿ, ಬಳಿಕ ರಾತ್ರಿಯಲ್ಲಿ.

ರಾತ್ರಿಯ ವೇಳೆ ಮೂತ್ರ ಕಡಮೆಯಾಗಲೆಂದು ಪ್ರಕೃತಿ ಮತ್ತೊಂದು ಏರ್ಪಾಡು ಮಾಡಿದೆ. ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಮೂತ್ರಪಿಂಡಗಳು ನೀರನ್ನು ಹೆಚ್ಚಾಗಿ ಉಳಿಸಿಕೊಳ್ಳುವಂತೆ ಮಾಡುತ್ತದೆ. ಇದರ ಪ್ರಮಾಣ ಸಾಮಾನ್ಯವಾಗಿ ರಾತ್ರಿ ಏರುತ್ತದೆ. ಕೆಲವು ಮಕ್ಕಳಲ್ಲಿ ಈ ಏರಿಕೆ ಸಾಲದು. ಆದ್ದರಿಂದ ರಾತ್ರಿಯ ಮೂತ್ರ ಚೀಲದ ಅಳತೆಯನ್ನು ಮೀರುತ್ತದೆ. ಇನ್ನು ಕೆಲವರಲ್ಲಿ ಚೀಲವೇ ಅಕಾಲದಲ್ಲಿ ಸಂಕುಚಿಸುತ್ತದೆ. ಆದರೆ ಇವೆರಡೇ ಸಾಲವು. ಚೀಲ ತುಂಬಿದಾಗ ಮಗುವಿಗೆ ಎಚ್ಚರವಾದರೆ ಎದ್ದು ಹೋಗಿ ಬರಬಹುದಷ್ಟೆ. ಹಾಸಿಗೆ ಒದ್ದೆಯಾಗಬೇಕಾದರೆ ಸೂಚನೆ ಮಿದುಳಿಗೆ ತಲಪಿದರೂ ನಿದ್ದೆ ಒಡೆಯದಿರಬೇಕು. ತೊಟ್ಟಿ ತುಂಬಿ ಹರಿಯುತ್ತಿದೆ, ಕಾವಲುಗಾರನಿಗೆ ಮಾತ್ರ ಎಚ್ಚರವಿಲ್ಲ. ಇದರಲ್ಲಿ ಸೋಮಾರಿತನವಾಗಲಿ ಹಟವಾಗಲಿ ಇಲ್ಲ.

ಕಾವಲುಗಾರನನ್ನು ಎಬ್ಬಿಸುವ ಉಪಾಯ ಆಕಸ್ಮಿಕವಾಗಿ ಹೊಳೆಯಿತು. ಆಸ್ಟ್ರಿಯದ ಶಿಶುವೈದ್ಯ ಮೈನ್‌ಹಾರ್ಡ್ ಫಾನ್ ಫೌಂಡ್ಲರ್ 1904ರಲ್ಲಿ ಒಂದು ಉಪಕರಣವನ್ನು ವರ್ಣಿಸಿದನು. ಆಸ್ಪತ್ರೆಯಲ್ಲಿ ಮಗುವಿನ ಹಾಸಿಗೆ ಒದ್ದೆಯಾದೊಡನೆ ದಾದಿಗೆ ತಿಳಿಯಲೆಂದು ಗಂಟೆ ಬಾರಿಸುವುದಷ್ಟೇ ಅದರ ಉದ್ದೇಶ. ಆದರೆ ಕೆಲಕಾಲದ ಮೇಲೆ ಹಾಸಿಗೆ ಒದ್ದೆಮಾಡುವುದನ್ನೇ ಮಕ್ಕಳು ಬಿಡುತ್ತಿದ್ದುದು ಕಂಡುಬಂದಿತು. 1938ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೌರರ್ ಮತ್ತು ಆತನ ಪತ್ನಿ ಇದೇ ತತ್ತ್ವವನ್ನು ಉದ್ದೇಶಪೂರ್ವಕವಾಗಿ 30 ಮಕ್ಕಳ ಚಿಕಿತ್ಸೆಗೆ ಬಳಸಿ ಯಶಸ್ಸು ಪಡೆದ ವರದಿಯನ್ನು ಪ್ರಕಟಿಸಿದರು.

ಉಪಕರಣದ ತತ್ತ್ವ ಸುಲಭ. ಎರಡು ಲೋಹದ ಜಾಲರಿಗಳ ನಡುವೆ ಒಣಬಟ್ಟೆಯನ್ನಿಟ್ಟು, ಜಾಲರಿಗಳನ್ನು ವಿದ್ಯುತ್ಕೋಶಕ್ಕೂ ಗಂಟೆಯನ್ನು ಚಾಲನೆಗೊಳಿಸುವ ರಿಲೇಗೂ ಜೋಡಿಸಬೇಕು. ಒಣಬಟ್ಟೆ ಅವಾಹಕವಾದುದರಿಂದ ವಿದ್ಯುತ್ತು ಹರಿಯದು. ಮೂತ್ರದಲ್ಲಾದರೋ ಸೋಡಿಯಂ ಕ್ಲೋರೈಡು ಮೊದಲಾದ ಲವಣಗಳು ಅಯಾನುಗಳ ರೂಪದಲ್ಲಿ ಕರಗಿರುತ್ತವೆ. ಅದರಿಂದ ಬಟ್ಟೆ ನೆನೆದೊಡನೆ ಅಯಾನುಗಳು ಚಲಿಸಿ ಮಂಡಲ ಪೂರ್ಣವಾಗಿ ಗಂಟೆ ಬಾರಿಸುತ್ತದೆ. ಉಪ್ಪುನೀರಿನಲ್ಲಿ ಎರಡು ತಗಡುಗಳನ್ನಿಟ್ಟು ದೀಪ ಬೆಳಗಿಸುವ ಪ್ರಯೋಗಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಈಗ ದೊರೆಯುವ ಉಪಕರಣಗಳಲ್ಲಿ ಚಿಕ್ಕ ಸಂವೇದಕವನ್ನು ಮಗುವಿನ ಒಳಉಡುಪಿಗೆ ಸಿಕ್ಕಿಸಿರುತ್ತಾರೆ. ವಿದ್ಯಾರ್ಥಿಗಳು ಇದನ್ನು ತಾವೇ ತಯಾರಿಸಿ ಮಗುವಿಗೆ ತೊಡಿಸಕೂಡದು. ಮನೆಯ ವಿದ್ಯುತ್ತನ್ನು ಒದ್ದೆ ಹಾಸಿಗೆಯ ಹತ್ತಿರಕ್ಕೆ ತರುವುದು ಪ್ರಾಣಾಪಾಯ. ಬ್ಯಾಟರಿಯ ಪ್ರವಾಹವಾದರೂ ಒದ್ದೆ ಚರ್ಮದ ಮೇಲೆ ಬಹಳ ಹೊತ್ತು ಹರಿದರೆ ವಿದ್ಯುದ್ವಿಭಜನೆಯಿಂದ ಹುಣ್ಣಾಗಬಹುದು.

ಗಂಟೆ ಮಗುವಿಗೆ ಏನನ್ನು ಕಲಿಸುತ್ತದೆ? ಪಾವ್‌ಲೊವನ ನಾಯಿಗಳ ಪ್ರಯೋಗವನ್ನು ಸ್ಮರಿಸಿಕೊಳ್ಳಿ. ಆಹಾರಕ್ಕೆ ಮೊದಲು ಸೂಚನೆಯೊಂದನ್ನು ಮತ್ತೆ ಮತ್ತೆ ಕೊಟ್ಟರೆ, ಕೊನೆಗೆ ಸೂಚನೆಯೊಂದಕ್ಕೇ ನಾಯಿ ಜೊಲ್ಲು ಸುರಿಸುತ್ತದೆ. ಇಲ್ಲಿ ತುಂಬಿದ ಚೀಲವೇ ಸೂಚನೆ. ಗಂಟೆಯಿಂದ ಎಚ್ಚರವಾಗಿ ಸ್ನಾಯು ಬಿಗಿಯುವುದು ಅದನ್ನು ಹಿಂಬಾಲಿಸುವ ಕ್ರಿಯೆ. ಎರಡೂ ಹಲವು ರಾತ್ರಿ ಒಟ್ಟಿಗೆ ನಡೆದರೆ, ಚೀಲ ತುಂಬುವ ಸೂಚನೆಯೊಂದೇ ಆ ಕ್ರಿಯೆಗೆ ಸಾಕಾಗುತ್ತದೆಂದು ಮೌರರ್ ವಿವರಿಸಿದನು. ಗಂಟೆಯ ಕಿರುಕುಳವನ್ನು ತಪ್ಪಿಸಿಕೊಳ್ಳಲು ಶರೀರ ಕಲಿಯುತ್ತದೆಂದು ಆಸ್ಟ್ರೇಲಿಯದ ಲವಿಬಾಂಡ್ 1964ರಲ್ಲಿ ಇನ್ನೊಂದು ವಿವರಣೆಯನ್ನು ಕೊಟ್ಟನು. ಗುಣವಾದ ಮಕ್ಕಳಲ್ಲಿ ಅನೇಕರು ರಾತ್ರಿ ಏಳುವುದೇ ಇಲ್ಲ, ಬೆಳಗಿನವರೆಗೆ ಒಣಹಾಸಿಗೆಯಲ್ಲೇ ನಿದ್ರಿಸುತ್ತಾರೆ.

ನಡುರಾತ್ರಿ ಮಗುವನ್ನು ಎತ್ತಿಕೊಂಡು ಹೋಗಿ ಮೂತ್ರ ಮಾಡಿಸುವ ರೂಢಿ ನಮ್ಮ ಮನೆಗಳಲ್ಲಿ ಉಂಟು. ಅದರಿಂದ ಆ ರಾತ್ರಿಯ ಹಾಸಿಗೆ ಉಳಿಯಬಹುದು. ಆದರೆ ಮಗು ಏನನ್ನೂ ಕಲಿಯದು. ಏಕೆಂದರೆ ಆಗ ಎಚ್ಚರಿಕೆ ಹೊರಡುವುದು ತಾಯಿಯ ಗಡಿಯಾರದಿಂದಲ್ಲದೆ ಮಗುವಿನ ತುಂಬಿದ ಚೀಲದಿಂದಲ್ಲ.

ಗಂಟೆಯ ಚಿಕಿತ್ಸೆಯನ್ನು ಸಾಮಾನ್ಯವಾಗಿ ಆರೇಳನೆಯ ವಯಸ್ಸಿನ ಮೇಲೆ, ಮಗು ಒಪ್ಪಿದಾಗ ಆರಂಭಿಸುತ್ತಾರೆ. ಮೊದಮೊದಲು ಗಂಟೆ ಮಗುವನ್ನು ಬಿಟ್ಟು ಮನೆಯವರೆಲ್ಲರನ್ನೂ ಎಬ್ಬಿಸುತ್ತದೆ! ಹಿರಿಯರು ಮಗುವನ್ನು ಪೂರ್ತಿ ಎಚ್ಚರಗೊಳಿಸಿ, ಬಚ್ಚಲಿಗೆ ಕರೆದೊಯ್ದು, ಬಟ್ಟೆ ಬದಲಿಸಿ, ಉಪಕರಣವನ್ನು ಮತ್ತೆ ಸಿದ್ಧಪಡಿಸಬೇಕು. ಪ್ರತಿ ರಾತ್ರಿಯೂ ತಪ್ಪದೆ ಎರಡು ಮೂರು ತಿಂಗಳು, ಅಂದರೆ ಹದಿನಾಲ್ಕು ರಾತ್ರಿ ಒಂದೇ ಸಮನೆ ಹಾಸಿಗೆ ಒಣಗಿರುವವರೆಗೆ, ಇದು ನಡೆಯಬೇಕು. ಹೀಗೆ ಬಿಡದೆ ನಡೆಸಿದರೆ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಗುಣ ಕಾಣುತ್ತದೆ. ಕೆಲವರಿಗೆ ಮರುಕಳಿಸುವುದುಂಟು; ಆಗ ಮತ್ತೊಮ್ಮೆ ನಡೆಸಬಹುದು.

ಉಪಕರಣವಿಲ್ಲದೆ ಮಾಡಬಹುದಾದುದೂ ಬಹಳವಿದೆ. ಮಗು ಹಗಲಿನಲ್ಲಿ ನೀರನ್ನು ಧಾರಾಳವಾಗಿ ಕುಡಿಯಲಿ. ಮಲಗುವ ಮೊದಲಿನ ಒಂದೆರಡು ಗಂಟೆ ಮಾತ್ರ ಮಿತಿಯಿರಲಿ. ಸಂಜೆಯ ಕಾಫಿ, ಚಹಾ ಬೇಡ. ಶಾಲೆಯಲ್ಲಿ ಮೂತ್ರವನ್ನು ಗಂಟೆಗಟ್ಟಲೆ ತಡೆಯುವ ಅಭ್ಯಾಸವನ್ನು ಬಿಡಿಸಬೇಕು. ಮಲಬದ್ಧತೆಯಿದ್ದರೆ ಗಟ್ಟಿಯಾದ ಮಲ ಚೀಲವನ್ನು ಒತ್ತುವುದರಿಂದ ಅದನ್ನು ಮೊದಲು ಪರಿಹರಿಸಬೇಕು. ಶೌಚಗೃಹ ಹಿತ್ತಿಲಲ್ಲಿದ್ದು ಮಗು ಕತ್ತಲೆಗೆ ಅಂಜುವಂತಿದ್ದರೆ ದಾರಿಯಲ್ಲೊಂದು ದೀಪವಿರಲಿ. ಮಲಗುವ ಮುಂಚೆ ಮರೆಯದೆ ಮೂತ್ರ ಮಾಡಿಬಂದುದಕ್ಕೆ ಮಗುವನ್ನು ಮೆಚ್ಚಿರಿ. ಒಣಗಿದ ಹಾಸಿಗೆಗಾಗಿ ಬಹುಮಾನ ಗೊತ್ತುಮಾಡಬೇಡಿ, ಅದು ಮಗುವಿನ ಕೈಯಲ್ಲಿಲ್ಲ.

ವ್ಯಾಸೋಪ್ರೆಸಿನ್ನನ್ನು ಹೋಲುವ, 1967ರಲ್ಲಿ ಪ್ರಾಗ್ ನಗರದಲ್ಲಿ ಸಂಶ್ಲೇಷಿಸಲಾದ ಡೆಸ್ಮೊಪ್ರೆಸಿನ್ ಎಂಬ ಔಷಧವೂ ಇದೆ. ಅದನ್ನು ತೆಗೆದುಕೊಂಡ ರಾತ್ರಿ ಮೂತ್ರ ಕಡಮೆಯಾಗುತ್ತದೆ. ಆದರೆ ಅದರ ಮೇಲೆ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯಬಹುದು. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಅದು ಸಲ್ಲದು.

ಕೆಲವು ಲಕ್ಷಣಗಳು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ತಿಂಗಳುಗಟ್ಟಲೆ ಒಣಹಾಸಿಗೆಯಲ್ಲಿ ಮಲಗುತ್ತಿದ್ದ ಮಗು ಹಠಾತ್ತಾಗಿ ಒದ್ದೆಮಾಡತೊಡಗಿ, ಅತಿಯಾದ ಬಾಯಾರಿಕೆಯಿಂದ ಬಳಲಿ ತೂಕ ಇಳಿದರೆ ಅದು ಮಧುಮೇಹವಾಗಿರಬಹುದು. ಒಂದು ದಿನದ ವಿಳಂಬವೂ ಸಲ್ಲದು. ಉರಿಮೂತ್ರ, ಜ್ವರ, ಹಗಲಿನಲ್ಲಿಯೂ ಸೋರುವಿಕೆ, ಕಾಲುಗಳಲ್ಲಿ ಶಕ್ತಿಹೀನತೆ, ರಾತ್ರಿ ಜೋರಾದ ಗೊರಕೆ ಇವೂ ಪರೀಕ್ಷೆಗೆ ಯೋಗ್ಯವಾದ ಲಕ್ಷಣಗಳೇ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿಯೂ, ಇದೇ ಕಾರಣದಿಂದ ವಿದ್ಯಾರ್ಥಿನಿಲಯಕ್ಕೆ ಸೇರಲು ಅಥವಾ ಪ್ರವಾಸಕ್ಕೆ ಹೋಗಲು ಹಿಂಜರಿಯುವವರು ಒಬ್ಬಿಬ್ಬರು ಇರಬಹುದು. ಅಂಥವರು ಇದನ್ನು ಗುಟ್ಟಾಗಿಟ್ಟು ಕೊರಗಬೇಕಾಗಿಲ್ಲ. ನಿಮ್ಮ ವಯಸ್ಸಿನವರಿಗೂ ಚಿಕಿತ್ಸೆಯುಂಟು, ವೈದ್ಯರಿಗೆ ಇದು ಹೊಸತಲ್ಲ. ಮಿಕ್ಕವರು ಮನೆಯ ತಮ್ಮನನ್ನೋ ತಂಗಿಯನ್ನೋ ಇತರರ ಮುಂದೆ ಅಣಕಿಸದೆ, ನಾಳೆ ಬೆಳಿಗ್ಗೆ ಆ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಕೈಜೋಡಿಸಿದರೆ ಚಿಕಿತ್ಸೆಯ ಮೊದಲ ಹೆಜ್ಜೆಯನ್ನು ಇಟ್ಟಂತಾಗುತ್ತದೆ.