ಉಪ್ಪಿನಾಗರದ ಕೆಂಪು ನೀರು: ಲವಣಪ್ರಿಯ ಸೂಕ್ಷ್ಮಜೀವಿಗಳು ಮತ್ತು ಉತ್ತರ ಕನ್ನಡ ಕರಾವಳಿಯ ಜನಪದ ತಿಳಿವಳಿಕೆ

ನೀರಿನಲ್ಲಿ ಹುಟ್ಟಿ ನೀರಿನಲ್ಲೇ ಸಾಯುವುದು ಯಾವುದು ಎಂಬ ಒಗಟು ಕನ್ನಡ ನಾಡಿನಲ್ಲಿ ಬಹು ಪ್ರಚಲಿತವಾದುದು. ಉತ್ತರ ಉಪ್ಪು. ವಿರೋಧಾಭಾಸವನ್ನು ಆಧರಿಸಿದ ಒಗಟುಗಳಿಗೆ ಇದೊಂದು ಒಳ್ಳೆಯ ಮಾದರಿ. ಆದರೆ ಉಪ್ಪಿನೊಳಗೇ ಬಾಳುವ ಜೀವಿಗಳಿವೆ. ಕಟುವಾದ ಉಪ್ಪುನೀರಿನಲ್ಲಿ ಹುಟ್ಟಿ, ಸಿಹಿನೀರು ತಾಗಿದರೆ ಒಡೆದು ಸಾಯುವಂಥವು. ಕಣ್ಣಿಗೆ ಕಾಣದಷ್ಟು ಸಣ್ಣವಾದ ಈ ಜೀವಿಗಳಿಗೂ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನರ ಕಸುಬುಗಳಿಗೂ ಇರುವ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾನಪದ ಅಧ್ಯಯನದಲ್ಲಿ ಉಪ್ಪು ಅಪರಿಚಿತ ವಸ್ತುವೇನಲ್ಲ. ದೃಷ್ಟಿ ನಿವಾಳಿಸುವ ಉಪ್ಪು, ಋಣದ ಸಂಕೇತವಾಗಿ ಬರುವ ಉಪ್ಪು, ಗಾದೆಗಳ ಉಪ್ಪು ಇವೆಲ್ಲ ನಮ್ಮ ಸಂಗ್ರಹಗಳಲ್ಲಿ ಧಾರಾಳವಾಗಿವೆ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಅವರು ಈ ಜಿಲ್ಲೆಯ ಜನಪದ ಸಂಪತ್ತನ್ನು ಕೂಡಿಟ್ಟ ಪರಿ ನಮ್ಮಂಥವರಿಗೆ ಇಂದಿಗೂ ದಾರಿದೀಪ. ಆದರೂ ಹಾಡು, ಕತೆ, ಆಚರಣೆಗಳ ಕಡೆಗೆ ಹರಿದಷ್ಟು ಗಮನ ಉಪ್ಪು ಬೆಳೆಯುವ ಕಸುಬಿನ ಒಳತಿಳಿವಳಿಕೆಯ ಕಡೆಗೆ ನಮ್ಮ ಕ್ಷೇತ್ರದಲ್ಲಿ ಹರಿದಿಲ್ಲ. ಈ ದೋಷದಿಂದ ನಾನೂ ಹೊರತಲ್ಲ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಒಂದು ಬೇಸಿಗೆಯಲ್ಲಿ ಆಗರದ ಮಡಿಯೊಂದರ ನೀರು ಕೆಂಪೇರಿದ್ದನ್ನು ಕಂಡು, "ಗುಡ್ಡದ ಕೆಮ್ಮಣ್ಣಿನಿಂದ" ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಮುಂದೆ ಸಾಗಿದ್ದೆ. ಯಾರನ್ನೂ ಕೇಳಿರಲಿಲ್ಲ. ಕಣ್ಣಿಗೆ ಕಂಡುದಕ್ಕೆ ಕಾರಣವನ್ನು ನಾನೇ ಕೊಟ್ಟುಕೊಂಡಿದ್ದೆ, ಅದು ತಪ್ಪಾಗಿತ್ತು.

ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣದ ಸಮೀಪ, ಅಘನಾಶಿನಿಯ ಅಳಿವೆಯ ಬದಿಯಲ್ಲಿರುವ ಸಾಣಿಕಟ್ಟಾ ಉಪ್ಪಿಗೆ ಹೆಸರಾದ ಊರು. ಆಗರ ಎಂಬ ಪದದಿಂದಲೇ ಹೆಸರು ಪಡೆದ ಆಗೇರ ಸಮುದಾಯದವರು ಈ ಕರಾವಳಿಯ ಪಾರಂಪರಿಕ ಉಪ್ಪು ತಯಾರಕರು. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಕೆನರಾ ಜಿಲ್ಲಾ ಗ್ಯಾಝೆಟಿಯರಿನಲ್ಲಿಯೂ ಇವರ ಪ್ರಸ್ತಾಪವಿದೆ. ಕುಲದ ಹೆಸರೇ ಕಸುಬಿನ ನೆಲದ ಹೆಸರಾಗಿರುವುದು ಗಮನಾರ್ಹ.

ಉಪ್ಪು ಬೆಳೆಯುವ ಕ್ರಮ ಸ್ಥೂಲವಾಗಿ ಹೀಗಿದೆ. ಭರತದ ನೀರನ್ನು ಕಾಲುವೆಯ ಮೂಲಕ ಒಳಕ್ಕೆ ತೆಗೆದುಕೊಂಡು, ಮಡಿಯಿಂದ ಮಡಿಗೆ ಹಾಯಿಸುತ್ತ ಬಿಸಿಲಿಗೆ ಇಂಗಿಸುತ್ತಾರೆ. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು 3.5 ಪಾಲು ಲವಣವಿರುತ್ತದೆ. ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶಗಳೂ ಜಿಪ್ಸಮ್ಮೂ ತಳಕ್ಕಿಳಿಯುತ್ತವೆ. ಲವಣಾಂಶ 25-26 ಪಾಲಿನ ಆಸುಪಾಸಿಗೆ ಬಂದಾಗ ಉಪ್ಪು ಹರಳುಗಟ್ಟುತ್ತದೆ. ಕಡಲಿಗಿಂತ ಏಳೆಂಟು ಪಟ್ಟು ಉಪ್ಪಾದ ಈ ಕೊನೆಯ ಹಂತದಲ್ಲಿ ಮೀನು, ಸಿಗಡಿ, ಏಡಿ ಯಾವುದೂ ಬದುಕದು. ನೀರು ಕೆಂಪೇರುವುದು ಆಗಲೇ.

ಈ ಕೆಂಪು ಮಣ್ಣಿನದಲ್ಲ, ಜೀವಿಗಳದು. ಫ್ರಾನ್ಸಿನ ಮಾಂಪೆಲಿಯೆ ಬಳಿಯ ಉಪ್ಪಿನಾಗರಗಳಲ್ಲಿ ಇಂಥ ಕೆಂಪಿಗೆ ಸೂಕ್ಷ್ಮ ಪಾಚಿ ಕಾರಣವೆಂದು ಡುನಾಲ್ ಎಂಬ ಸಸ್ಯವಿಜ್ಞಾನಿ 1838ರಲ್ಲಿ ತಿಳಿಸಿದನು. ಅವನ ಹೆಸರಿನಿಂದಲೇ 1905ರಲ್ಲಿ ಆ ಪಾಚಿಯ ಕುಲಕ್ಕೆ ಡುನಾಲಿಯೆಲ್ಲಾ ಎಂಬ ಹೆಸರು ಬಂದಿತು. ಗಜ್ಜರಿಯ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನ್ ಈ ಪಾಚಿಯಲ್ಲಿ ವಿಪುಲವಾಗಿದೆ. ಒಳಗೆ ಗ್ಲಿಸರಾಲನ್ನು ತುಂಬಿಕೊಂಡು ಅದು ಹೊರಗಿನ ಉಪ್ಪಿನ ಸೆಳೆತವನ್ನು ತಡೆದುಕೊಳ್ಳುತ್ತದೆ. ಇದಕ್ಕಿಂತಲೂ ವಿಲಕ್ಷಣವಾದವು ಲವಣಪ್ರಿಯ ಆರ್ಕಿಯಾಗಳು. ಬ್ಯಾಕ್ಟೀರಿಯಾಗಳಂತೆ ಕಂಡರೂ ಇವು ಬ್ಯಾಕ್ಟೀರಿಯಾಗಳಲ್ಲ. 1977ರಲ್ಲಿ ಕಾರ್ಲ್ ವೋಸ್ ಮತ್ತು ಅವರ ಸಹೋದ್ಯೋಗಿ ಬೇರೆಯಾಗಿ ಗುರುತಿಸಿದ ಜೀವವರ್ಗಕ್ಕೆ ಸೇರಿದವು. ಹೊರಗಿನ ಉಪ್ಪಿಗೆ ಸರಿಸಮನಾಗಿ ಒಳಗೆ ಪೊಟ್ಯಾಸಿಯಂ ಲವಣವನ್ನು ಕೂಡಿಟ್ಟುಕೊಳ್ಳುವುದು ಇವುಗಳ ಉಪಾಯ. ಹೀಗಾಗಿ ಇವುಗಳ ಪ್ರೋಟೀನುಗಳೇ ಉಪ್ಪಿಲ್ಲದೆ ನಿಲ್ಲಲಾರವು. ಸಿಹಿನೀರಿಗೆ ಹಾಕಿದರೆ ಕೋಶವೇ ಒಡೆದು ಕರಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಬೆಳೆಯಲು ಸಮುದ್ರದ ನೀರೇ ಸಪ್ಪೆ.

ಈ ಜೀವಿಗಳು ಆಗರದಲ್ಲಿ ಸುಮ್ಮನೆ ಬೀಡುಬಿಟ್ಟವಲ್ಲ. ಅವುಗಳ ಕೆಂಪು ಬಣ್ಣ ಬಿಸಿಲನ್ನು ಹೀರಿ ನೀರನ್ನು ಹೆಚ್ಚು ಕಾಯಿಸುತ್ತದೆ; ಇದರಿಂದ ನೀರು ಬೇಗ ಇಂಗುತ್ತದೆ. ಮೊದಲ ಹಂತದ ಮಡಿಗಳಲ್ಲಿ ಸೂಕ್ಷ್ಮಜೀವಿಗಳ ತೆಳುಪದರ ತಳದ ಜೇಡಿಗೆ ಹೊದಿಕೆಯಾಗಿ ನೀರು ಸೋರದಂತೆ ಹಿಡಿಯುತ್ತದೆ. ಕೂಲಿಯಿಲ್ಲದೆ ದುಡಿಯುವ ಈ ಆಳುಗಳನ್ನು ಬಿಟ್ಟು ಉಪ್ಪಿನ ಕಸುಬನ್ನು ವಿವರಿಸಲಾಗದು.

ಇಲ್ಲಿ ಈ ಕರಾವಳಿಗೆ ವಿಶಿಷ್ಟವಾದ ಪ್ರಶ್ನೆಯೊಂದು ಏಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿದು. ಮಳೆಗಾಲದಲ್ಲಿ ಆಗರಗಳು ನೀರಿನಲ್ಲಿ ಮುಳುಗುತ್ತವೆ, ಉಪ್ಪೆಲ್ಲ ತೊಳೆದುಹೋಗುತ್ತದೆ. ಸಿಹಿನೀರಿಗೆ ಒಡೆದು ಸಾಯುವ ಜೀವಿ ಮರುವರ್ಷ ಎಲ್ಲಿಂದ ಬರಬೇಕು? ಉತ್ತರದ ಒಂದು ಭಾಗ ಉಪ್ಪಿನ ಹರಳಿನಲ್ಲೇ ಇದೆ. ಹರಳುಗಟ್ಟುವಾಗ ಅದರೊಳಗೆ ಉಪ್ಪುನೀರಿನ ಅತಿ ಸಣ್ಣ ಹನಿಗಳು ಸೆರೆಯಾಗುತ್ತವೆ. ಆ ಹನಿಗಳಲ್ಲಿ ಆರ್ಕಿಯಾಗಳು ಜೀವ ಹಿಡಿದುಕೊಂಡಿರುತ್ತವೆ. ಅಮೆರಿಕದ ಡೆತ್ ವ್ಯಾಲಿಯ ಆಳದಿಂದ ತೆಗೆದ, ಮೂವತ್ತು ಸಾವಿರ ವರ್ಷಗಳಷ್ಟು ಹಳೆಯ ಹರಳುಗಳಿಂದಲೂ ಇಂಥವನ್ನು ಬೆಳೆಸಿದ ವರದಿಗಳು ಇವೆ. ಇಪ್ಪತ್ತೈದು ಕೋಟಿ ವರ್ಷ ಹಳೆಯ ಹರಳಿನ ಜೀವಿಯ ಬಗ್ಗೆ 2000ದಲ್ಲಿ ಬಂದ ವಾದವನ್ನು ಹಲವರು ಒಪ್ಪಿಲ್ಲ. ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಒಂದು ಮಳೆಗಾಲ ದಾಟಿದರೆ ಸಾಕು. ಅಡುಗೆಮನೆಯ ಮರಿಗೆಯಲ್ಲಿರುವ ಹರಳುಪ್ಪಿನಲ್ಲಿಯೂ ಇವುಗಳ ಬೀಜ ಇರಬಲ್ಲದು. ತಿನ್ನುವವರಿಗೆ ಇದರಿಂದ ಅಪಾಯವಿಲ್ಲ.

ಆದರೆ ಮೀನಿಗೆ ಅಪಾಯವಿದೆ. ಹೊನ್ನಾವರದ ಕಾಸರಕೋಡ ಟೊಂಕದಿಂದ ಭಟ್ಕಳದವರೆಗೆ ಒಣಮೀನು ಮೀನುಗಾರ ಹೆಂಗಸರ ದುಡಿಮೆಯ ಬಹುಮುಖ್ಯ ಭಾಗ. ಸಣ್ಣ ಮೀನನ್ನು ಹಾಗೆಯೇ ಬಿಸಿಲಿಗೆ ಹರಡಿದರೆ, ದೊಡ್ಡ ಮೀನಿಗೆ ಉಪ್ಪು ಹಿಡಿಸಬೇಕು. ಉಪ್ಪು ಹಾಕಿದ ಮೀನು ಕೆಡದು ಎಂಬುದು ಲೋಕರೂಢಿ. ಆದರೆ ಸೆಕೆ ಮತ್ತು ತೇವ ಕೂಡಿದಾಗ ಕೆಲವೊಮ್ಮೆ ಉಪ್ಪುಮೀನಿನ ಮೈಮೇಲೆ ಗುಲಾಬಿ-ಕೆಂಪು ಲೋಳೆ ಕಾಣಿಸಿಕೊಂಡು ನಾತ ಹುಟ್ಟುತ್ತದೆ. ಕೆನಡಾದ ಹ್ಯಾರಿಸನ್ ಮತ್ತು ಕೆನಡಿ ಎಂಬ ವಿಜ್ಞಾನಿಗಳು 1922ರಲ್ಲಿ ಉಪ್ಪಿಟ್ಟ ಕಾಡ್ ಮೀನಿನ ಇದೇ ಕೆಂಪನ್ನು ಅಭ್ಯಸಿಸಿ, ಅದಕ್ಕೆ ಬಿಸಿಲುಪ್ಪಿನೊಡನೆ ಬಂದ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದರು. ಇಂದು ಹ್ಯಾಲೊಬ್ಯಾಕ್ಟೀರಿಯಂ ಸಲಿನೇರಮ್ ಎಂದು ಪ್ರಸಿದ್ಧವಾದ ಜೀವಿ ವಿಜ್ಞಾನದ ದಾಖಲೆಗೆ ಬಂದುದು ಹೀಗೆ, ಕೆಟ್ಟ ಮೀನಿನ ಮೂಲಕ. ಆಗರದಲ್ಲಿ ಉಪ್ಪಿಗೆ ನೆರವಾಗುವ ಬಳಗವೇ ಬುಟ್ಟಿಯಲ್ಲಿ ಮೀನನ್ನು ಕೆಡಿಸುತ್ತದೆ. ಆಗರದವರು ನೀರಿನ ಬಣ್ಣದಲ್ಲಿಯೂ ಮೀನಿನ ಹೆಂಗಸರು ಮೀನಿನ ಮೈಯಲ್ಲಿಯೂ ನೋಡುವ ಕೆಂಪು ಒಂದೇ ಕುಲದ್ದು. ಎರಡು ಕಸುಬುಗಳ ತಿಳಿವಳಿಕೆಯನ್ನು ಒಟ್ಟಿಗೆ ಇಟ್ಟು ನೋಡುವ ಅಧ್ಯಯನ ನಡೆಯಬೇಕಾಗಿದೆ.

ಕಠಿಣ ಪರಿಸರದಲ್ಲಿ ಬದುಕುವ ಜೀವಿಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕಷ್ಟವನ್ನು ಸಹಿಸುವವು ಬೇರೆ, ಕಷ್ಟವನ್ನೇ ಬಯಸುವವು ಬೇರೆ. ಇತ್ತೀಚೆಗೆ ಹೆಸರಾಗಿರುವ ನೀರಕರಡಿ ಮೊದಲನೆಯ ಗುಂಪಿನದು. ಹಾವಸೆ ಒಣಗಿದಾಗ ಮುದುಡಿ ಜೀವವ್ಯಾಪಾರವನ್ನು ನಿಲ್ಲಿಸಿ, ನೀರು ಬಿದ್ದಾಗ ಮತ್ತೆ ಚೇತರಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಗೋಡೆಯೊಂದರ ಹಾವಸೆಯಲ್ಲಿ ದೊರೆತ ನೀರಕರಡಿಯ ತಳಿಯೊಂದು, ಮಾರಕ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುವ ವಸ್ತುವಿನಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂದು ಅಲ್ಲಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಮಳೆಗಾಲದಲ್ಲಿ ಹಸುರಾಗಿ ಬೇಸಿಗೆಯಲ್ಲಿ ಸುಟ್ಟಂತಾಗುವ ಭಟ್ಕಳದ ಚಿರೆಕಲ್ಲಿನ ಪಾಗಾರಗಳ ಹಾವಸೆಯನ್ನು ಕಂಡಾಗ ಇದು ನೆನಪಾಗುತ್ತದೆ. ಕುಮಟಾ ತೀರದಿಂದ ಬೇರ್ಪಡಿಸಿ, 2009ರಲ್ಲಿ ವೆಲ್ಲೂರಿನ ಸಂಶೋಧಕರು ಕಿಣ್ವದ ಉತ್ಪಾದನೆಗಾಗಿ ವರ್ಣಿಸಿದ ಬ್ಯಾಸಿಲಸ್ ಅಕ್ವಿಮ್ಯಾರಿಸ್ ಎಂಬ ಬ್ಯಾಕ್ಟೀರಿಯಾದ ತಳಿಯೂ ಸಹಿಸುವ ಗುಂಪಿನದೇ. ಗಜನಿ ಭೂಮಿಯ ಕಗ್ಗ ಭತ್ತವನ್ನೂ, ಜೀವಿಯ ಗಾತ್ರ ಬೇರೆಯಾದರೂ, ಇದೇ ಸಾಲಿಗೆ ಸೇರಿಸಬಹುದು: ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಆದರೆ ಅವನ್ನು ಬೇಡುವುದಿಲ್ಲ.

ಉಪ್ಪನ್ನೇ ಬೇಡುವವುಗಳಿಗೆ ಸೌಮ್ಯ ಪರಿಸರವೇ ಮೃತ್ಯು. ಇದು ಬರಿಯ ಪ್ರಯೋಗಾಲಯದ ಮಾತಲ್ಲ. ಹೊನ್ನಾವರದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯ ಕಟ್ಟೆ ಬಂದವು. ವಿದ್ಯುತ್ ಉತ್ಪಾದಿಸಿದ ನೀರು ವರ್ಷವಿಡೀ ಕೆಳಗೆ ಹರಿಯುವುದರಿಂದ ಬೇಸಿಗೆಯಲ್ಲಿಯೂ ಅಳಿವೆಯ ಉಪ್ಪು ಏರುವುದಿಲ್ಲ. ಅಣೆಕಟ್ಟಿಲ್ಲದ ಅಘನಾಶಿನಿಯೊಡನೆ ಹೋಲಿಸಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ನಡೆಸಿದ ಅಧ್ಯಯನಗಳು, ಶರಾವತಿಯ ಅಳಿವೆಯಲ್ಲಿ ಮೀನು ಮತ್ತು ಚಿಪ್ಪುಜೀವಿಗಳ ವೈವಿಧ್ಯ ಕುಗ್ಗಿರುವುದನ್ನು ದಾಖಲಿಸಿವೆ. ಚಿಪ್ಪು ಹೆಕ್ಕುವವರ ಕಸುಬಿನ ಮಾತುಗಳೂ ಚಿಪ್ಪಿನೊಡನೆ ಹೋಗುತ್ತವೆ; ಅವನ್ನು ಎಣಿಸಿದವರಿಲ್ಲ. ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸಮಾಧಾನದ ಸಂಗತಿ. ಆದರೆ ಆ ಪಟ್ಟಿ ಕಾಯುವುದು ಜೌಗುನೆಲವನ್ನು, ಅದನ್ನು ಓದಬಲ್ಲವರ ಮಾತನ್ನಲ್ಲ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವವರಲ್ಲಿ ನನ್ನ ವಿನಂತಿ ಸರಳವಾದುದು. ಆಗೇರರ ಮನೆಗಳಲ್ಲಿ ಹಾಡನ್ನು ಕೇಳುವಾಗ, ಮಡಿಯ ನೀರು ಹದಕ್ಕೆ ಬರುವ ಹಂತಗಳಿಗೆ ಅವರಲ್ಲಿರುವ ಹೆಸರುಗಳನ್ನೂ ಕೇಳಬೇಕು. ಬಣ್ಣ, ವಾಸನೆ, ಕೈಗೆ ಹತ್ತುವ ಜಿಗುಟು ಇವುಗಳಲ್ಲಿ ಯಾವುದನ್ನು ನೋಡಿ ಉಪ್ಪು ಎಳೆಯಲು ಇಳಿಯುತ್ತಾರೆ ಎಂಬುದನ್ನು, ಒಣಮೀನಿನ ಹೆಂಗಸರು ಎಂಥ ಉಪ್ಪನ್ನು ಬೇಡವೆನ್ನುತ್ತಾರೆ ಎಂಬುದನ್ನು ಅವರವರ ಆಡುಮಾತಿನಲ್ಲೇ ಬರೆದುಕೊಳ್ಳಬೇಕು. ಮಾರ್ಚಿನಿಂದ ಮೇ ತಿಂಗಳ ನಡುವೆ ಹೋಗುವುದು ಒಳ್ಳೆಯದು. ಜೂನಿನ ಮಳೆ ಹಿಡಿದ ಮೇಲೆ ಆಗರದಲ್ಲಿ ಕೆಂಪು ನೀರೂ ಇರುವುದಿಲ್ಲ, ಅದನ್ನು ತೋರಿಸಿ ಹೇಳುವವರೂ ಸಿಗುವುದಿಲ್ಲ.