ಕಡೂರಿನಲ್ಲಿ ಕರಗಿ, ಕೆಮ್ಮಣ್ಣುಗುಂಡಿಯಲ್ಲಿ ಗಟ್ಟಿಯಾಗಿ

ಏಪ್ರಿಲ್ ಮಧ್ಯಾಹ್ನ ಕಡೂರಿನ ಬಯಲು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದಿರುತ್ತದೆ. ಅಲ್ಲಿ ಕೊಂಡ ಚಾಕೊಲೇಟನ್ನು ಚೀಲದ ಬದಿ ಜೇಬಿಗೆ ಸೇರಿಸಿ, ಬೀರೂರು, ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ ಹಾದು ಕೆಮ್ಮಣ್ಣುಗುಂಡಿ ಹತ್ತಿದವರು ಮಾರನೆಯ ದಿನವೋ ವಾರದ ಮೇಲೋ ಕಾಗದ ಬಿಡಿಸಿದರೆ ಅದರ ಮೈಮೇಲೆ ಮಾಸಲು ಬಿಳಿಯ ಪದರ ಎದ್ದಿರುತ್ತದೆ. ಬೂಷ್ಟು ಹಿಡಿಯಿತೆಂದು ಎಸೆಯುವವರೇ ಹೆಚ್ಚು. ಬೂಷ್ಟು ಅಲ್ಲ. ಚಾಕೊಲೇಟಿನೊಳಗಿನ ಕೊಕೊ ಬೆಣ್ಣೆ ಕೆಳಗೆ ಕರಗಿ, ಮೇಲೆ ತನಗೆ ತೋಚಿದಂತೆ ಹೆಪ್ಪುಗಟ್ಟಿ, ಹೊರಮೈಗೆ ಬಂದು ಕುಳಿತಿದೆ. ತಿಂದರೆ ಏನೂ ಆಗುವುದಿಲ್ಲ, ರುಚಿ ಮಾತ್ರ ಮಂಕು.

ಕಡೂರು ಸಮುದ್ರಮಟ್ಟದಿಂದ 700 ಮೀಟರಿಗಿಂತ ತುಸು ಮೇಲಿದೆ. ಕೆಮ್ಮಣ್ಣುಗುಂಡಿ 1434 ಮೀಟರ್. ಸಾವಿರ ಮೀಟರ್ ಏರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುವ ಲೆಕ್ಕ ಹಿಡಿದರೆ ಎರಡೂ ಊರುಗಳ ನಡುವೆ ನಾಲ್ಕೈದು ಡಿಗ್ರಿಯ ವ್ಯತ್ಯಾಸ. ಮಂಜು, ಕಾಡಿನ ನೆರಳು ಸೇರಿದರೆ ಇನ್ನೂ ಹೆಚ್ಚು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಇಲ್ಲಿ ತಂಗುತ್ತಿದ್ದುದು ಈ ಡಿಗ್ರಿಗಳಿಗಾಗಿಯೇ. ಕೆಮ್ಮಣ್ಣುಗುಂಡಿಯಲ್ಲಿ ಚಾಕೊಲೇಟ್ ಕಾರ್ಖಾನೆ ಇಲ್ಲ. ಆದರೆ ಚಾಕೊಲೇಟ್ ಹೊದಿಸುವ ಯಂತ್ರಗಳನ್ನು ಕಟ್ಟಿದವರೆಲ್ಲ ನೂರು ವರ್ಷಗಳಿಂದ ಮಾಡುತ್ತ ಬಂದದ್ದು ಇಂಥ ಘಟ್ಟದ ಹವೆಯನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ತುಂಬುವ ಕೆಲಸ.

ತೊಂದರೆಯ ಬೇರು ಕೊಕೊ ಬೆಣ್ಣೆಯ ಸ್ವಭಾವದಲ್ಲಿದೆ. ಅದರ ಅಣುಗಳು ಹೆಪ್ಪುಗಟ್ಟುವಾಗ ಆರು ಬಗೆಯ ಹರಳುಗಳಾಗಬಲ್ಲವು. ಈ ಆರನ್ನೂ ವಿಲ್ ಮತ್ತು ಲಟನ್ ಎಂಬ ವಿಜ್ಞಾನಿಗಳು 1966ರಲ್ಲಿ ಗುರುತಿಸಿದರು. ಒಂದೊಂದೂ ಕರಗುವುದು ಒಂದೊಂದು ಬಿಸಿಯಲ್ಲಿ. ಮೊದಲಿನವು ಎಸೆದ ಸೌದೆಯ ಹಾಗೆ ಅಡ್ಡಾದಿಡ್ಡಿ, ಐದನೆಯದು ಒಪ್ಪವಾಗಿ ಒಟ್ಟಿದ ಸೌದೆಯ ಹಾಗೆ ಬಿಗಿ. ನಮಗೆ ಬೇಕಾದದ್ದು ಈ ಐದನೆಯದೇ. ಅದು ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯೊಳಗಿನ ಬಿಸಿಗಿಂತ ಸ್ವಲ್ಪ ಕೆಳಗೆ. ಮುರಿದರೆ ‘ಟಕ್’ ಎನ್ನುವುದು, ಹೊಳೆಯುವುದು, ನಾಲಗೆಯ ಮೇಲಿಟ್ಟ ಕೂಡಲೇ ನೀರಾಗುವುದು ಎಲ್ಲ ಇದರ ಗುಣ. ಇದನ್ನು ಪಡೆಯಲು ಚಾಕೊಲೇಟನ್ನು 45 ಡಿಗ್ರಿಗೆ ಕಾಯಿಸಿ, ಕಲಕುತ್ತ 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸುತ್ತಾರೆ. ಬೇಡದ ಹರಳುಗಳು ಆ ಕೊನೆಯ ಬಿಸಿಯಲ್ಲಿ ಕರಗಿಹೋಗಿ ಬೇಕಾದವು ಉಳಿಯುತ್ತವೆ. ಈ ಏರಿಳಿತಕ್ಕೆ ಟೆಂಪರಿಂಗ್ ಎಂದು ಹೆಸರು. ಬಸ್ಸಿನ ಕಿಟಕಿಯ ಬಿಸಿಲು ಈ ಶ್ರಮವನ್ನೆಲ್ಲ ಅರ್ಧ ಗಂಟೆಯಲ್ಲಿ ಅಳಿಸಿಹಾಕುತ್ತದೆ.

ಹೊದಿಸುವ ವಿದ್ಯೆ ಮಾತ್ರ ಗಟ್ಟಿ ಚಾಕೊಲೇಟಿಗಿಂತ ಹಳೆಯದು, ನಮ್ಮ ಮನೆಗಳಿಗೆ ಹೊಸದೂ ಅಲ್ಲ. ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಸಂಕ್ರಾಂತಿಗೆ ಮಾಡುವ ಕುಸುರೆಳ್ಳನ್ನು ನೋಡಿ. ಸಕ್ಕರೆ ಪಾಕಕ್ಕೆ ಚಮಚ ಹಾಲು ಹಾಕಿ ಕೊಳೆ ತೆಗೆದು ತಿಳಿ ಮಾಡಿಕೊಳ್ಳುತ್ತಾರೆ. ಸಣ್ಣ ಕೆಂಡದ ಮೇಲೆ ಅಗಲವಾದ ಪರಾತ, ಅದರಲ್ಲಿ ಹಿಡಿಯಷ್ಟು ಎಳ್ಳು. ಒಂದು ಚಮಚ ಪಾಕ ಬಿಡುವುದು, ಬೆರಳ ತುದಿಯಿಂದ ಆಡಿಸುವುದು, ಒಣಗಿದ ಮೇಲೆ ಇನ್ನೊಂದು ಚಮಚ. ಹೀಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಅವಸರ ಮಾಡಿ ಪಾಕ ಹೆಚ್ಚು ಸುರಿದರೆ ಕಾಳುಗಳು ಅಂಟಿ ಉಂಡೆಯಾಗುತ್ತವೆ, ಕೆಂಡ ಜೋರಾದರೆ ಸಕ್ಕರೆ ಕೆಂಪಾಗುತ್ತದೆ. ಮಾಗಿಯ ಚಳಿಯಲ್ಲಿ, ಅದರಲ್ಲೂ ನಸುಕಿನಲ್ಲಿ, ಕಾಳಿನ ಮೈಮೇಲೆ ಸಕ್ಕರೆಯ ಮುಳ್ಳು ಚೆನ್ನಾಗಿ ಏಳುತ್ತದೆ ಎಂದು ಹಿರಿಯರು ಹೇಳುವುದುಂಟು.

ಆ ಮುಳ್ಳಿನಲ್ಲಿ ಒಳ್ಳೆಯ ಭೌತಶಾಸ್ತ್ರವಿದೆ. ಪಾಕದ ನೀರು ಆರಿದಂತೆ ಸಕ್ಕರೆ ಹರಳಾಗುತ್ತದೆ. ಎಲ್ಲೋ ಒಂದು ಕಡೆ ತುಸು ಉಬ್ಬು ಬಂದರೆ ಸಾಕು, ಮುಂದಿನ ಹನಿ ಮೊದಲು ತಾಗುವುದು ಆ ಉಬ್ಬಿಗೇ. ಅಲ್ಲೇ ಒಣಗುತ್ತದೆ, ಉಬ್ಬು ಮೊನೆಯಾಗುತ್ತದೆ. ಪಾಕ ತೆಳುವಾಗಿದ್ದು ಕಾಳು ಬಿಡದೆ ಉರುಳುತ್ತಿದ್ದರೆ ಮೈ ನುಣುಪಾಗುತ್ತದೆ. ಪಾಕ ಮಂದವಾದರೆ ಒರಟಾಗುತ್ತದೆ. ಇಂಗ್ಲೆಂಡಿನಲ್ಲಿ ಸರ್ ಹ್ಯೂ ಪ್ಲಾಟ್ 17ನೇ ಶತಮಾನದ ಆರಂಭದ ತನ್ನ ಪುಸ್ತಕದಲ್ಲಿ ಸೋಂಪಿನಂಥ ಬೀಜಗಳಿಗೆ ಸಕ್ಕರೆ ಹೊದಿಸುವ ಕ್ರಮ ಬರೆದಿದ್ದಾನೆ. ಅಲ್ಲಿಯೂ ಕೆಂಡ, ಬಾಣಲೆ, ಕೈ, ತಾಳ್ಮೆ. ನಮ್ಮ ಕಡೂರು, ತರೀಕೆರೆ ಕಡೆ ಎಳ್ಳು-ಬೆಲ್ಲದ ಜೊತೆ ಬೆರೆಸುವ ಬಣ್ಣದ ಜೀರಿಗೆ ಮಿಠಾಯಿಯೂ ಇದೇ ಕುಲದ್ದು, ಆದರೆ ಅದು ಅಂಗಡಿಯಿಂದ ಬರುವುದು.

ಅಂಗಡಿಗೆ ಬರುವಷ್ಟು ಮಾಡಲು ಕೈ ಸಾಲದು. 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಮಿಠಾಯಿಗಾರರು ಓರೆಯಾಗಿ ನಿಲ್ಲಿಸಿ ಹಬೆಯಂತ್ರದಿಂದ ತಿರುಗಿಸುವ ತಾಮ್ರದ ಪಾತ್ರೆಯನ್ನು ಬಳಕೆಗೆ ತಂದರು. ಕಾಳು ಒಳಗೆ ಏರಿ ಬೀಳುತ್ತಿರುತ್ತದೆ, ಮೇಲಿನಿಂದ ಪಾಕ ತೊಟ್ಟಿಕ್ಕುತ್ತದೆ, ಬಿಸಿಗಾಳಿ ಒಣಗಿಸುತ್ತದೆ. ಪರಾತ, ಬೆರಳು, ಕೆಂಡ ಮೂರನ್ನೂ ಆ ಪಾತ್ರೆಯೇ ನುಂಗಿತು. ಔಷಧ ತಯಾರಕರೂ ಅದನ್ನು ಬಿಡಲಿಲ್ಲ. ಕಹಿ ಮಾತ್ರೆಯ ಮೇಲೆ ಸಿಹಿ ಸಿಪ್ಪೆ ಕೂತದ್ದು ಈ ಪಾತ್ರೆಯೊಳಗೆ.

ಚಾಕೊಲೇಟಿಗೂ ಇದೇ ಪಾತ್ರೆ ಒಗ್ಗಿತು, ಗಾಳಿಯೊಂದನ್ನು ಬದಲಿಸಬೇಕಾಯಿತು ಅಷ್ಟೆ. ಸಕ್ಕರೆ ಒಣಗಬೇಕು, ಅದಕ್ಕೆ ಬಿಸಿಗಾಳಿ. ಕೊಕೊ ಬೆಣ್ಣೆ ಹೆಪ್ಪುಗಟ್ಟಬೇಕು, ಅದಕ್ಕೆ ತಂಗಾಳಿ. ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಪ್ರವಾಸಿಗರು ಪೊಟ್ಟಣಗಟ್ಟಲೆ ಒಯ್ಯುವ ಚಾಕೊಲೇಟ್ ಸವರಿದ ಕಾಫಿ ಬೀಜವನ್ನು ಹೀಗೇ ಮಾಡುವುದು. ಹುರಿದ ಬೀಜಗಳು ಉರುಳುತ್ತಿರುವಾಗ ಕರಗಿದ ಚಾಕೊಲೇಟನ್ನು ಸಿಂಪಡಿಸಿ, ತಣ್ಣನೆಯ ಒಣಗಾಳಿ ಊದುತ್ತಾರೆ. ಪದರದ ಮೇಲೆ ಪದರ. ಕೊನೆಗೆ ಹೊಳಪಿಗೆಂದು ಗೋಂದು, ಅದರ ಮೇಲೆ ತೆಳುವಾಗಿ ಶೆಲಾಕ್. ಶೆಲಾಕ್ ಅಂದರೆ ಶುದ್ಧೀಕರಿಸಿದ ಅರಗು, ಮರದ ಕೊಂಬೆಯ ಮೇಲೆ ಪುಟ್ಟ ಕೀಟ ಸ್ರವಿಸುವ ಅಂಟು. ದುರ್ಯೋಧನ ಮನೆ ಕಟ್ಟಿಸಿದ ಸಾಮಗ್ರಿಯನ್ನೇ ನಾವು ಸಂತೋಷದಿಂದ ಅಗಿಯುತ್ತಿದ್ದೇವೆ. ಘಟ್ಟದ ಮಳೆಗಾಲದಲ್ಲಿ ತೇವ ತಡೆಯಲು ಈ ಶೆಲಾಕ್ ಕೆಲಸಕ್ಕೆ ಬರುವಂಥದ್ದೇ. ಚಾಕೊಲೇಟಿನ ಮೇಲೆ ತೇವ ಕೂತರೆ ಒಳಗಿನ ಸಕ್ಕರೆ ಕರಗಿ, ಒಣಗಿ, ಮತ್ತೊಂದು ಬಗೆಯ ಬಿಳುಪು ಬರುತ್ತದೆ. ಇದು ಮುಟ್ಟಿದರೆ ಒರಟು, ಬೆಣ್ಣೆಯ ಬಿಳುಪು ಜಿಡ್ಡು. ಬೆರಳಿನಿಂದಲೇ ಪತ್ತೆಹಚ್ಚಬಹುದು.

ಜೆಮ್ಸ್ ತರಹದ ಗುಂಡು ಚಾಕೊಲೇಟುಗಳಲ್ಲಿ ಎರಡು ವಿದ್ಯೆಗಳೂ ಕೂಡಿವೆ. ಒಳಗೆ ಚಾಕೊಲೇಟ್, ಹೊರಗೆ ಸಕ್ಕರೆ ಚಿಪ್ಪು. ಕಡೂರಿನ ಸೆಕೆಗೆ ಒಳಗಿನದು ಮೆತ್ತಗಾದರೂ ಚಿಪ್ಪು ಅಲುಗುವುದಿಲ್ಲ. ಅಮೆರಿಕದಲ್ಲಿ ಇಂಥದ್ದೇ ಎಂ ಆ್ಯಂಡ್ ಎಂ 1941ರಲ್ಲಿ ಹೊರಬಂದಾಗ ಅದರ ದೊಡ್ಡ ಗಿರಾಕಿ ಬಿಸಿನಾಡುಗಳಿಗೆ ಹೊರಟಿದ್ದ ಸೇನೆ.

ಬಿಸ್ಕತ್ತು, ವೇಫರ್, ಕೊಬ್ಬರಿ ಬರ್ಫಿಯಂಥ ಚೌಕದ ತಿಂಡಿಗಳನ್ನು ಪಾತ್ರೆಯಲ್ಲಿ ಉರುಳಿಸಿದರೆ ಪುಡಿಯಾಗುತ್ತವೆ. ಅವನ್ನು ಬಹುಕಾಲ ಕವಲುಕಡ್ಡಿಯಿಂದ ಒಂದೊಂದಾಗಿ ಅದ್ದಿ ತೆಗೆಯುತ್ತಿದ್ದರು, ಹೆಚ್ಚಾಗಿ ಹೆಂಗಸರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಮಾನ್ಯೆ ಎಂಬಾತ ಈ ಕೆಲಸಕ್ಕೆ ಎನ್ರೋಬರ್ ಎಂಬ ಯಂತ್ರ ಕಟ್ಟಿದ. ತಂತಿಬಲೆಯ ಪಟ್ಟಿಯ ಮೇಲೆ ತಿಂಡಿ ಸಾಗುತ್ತದೆ. ಮೇಲಿನಿಂದ ಚಾಕೊಲೇಟಿನ ಪರದೆ ಸುರಿಯುತ್ತದೆ, ಬಲೆಯ ಕಣ್ಣುಗಳಿಂದ ಕೆಳಬದಿಗೂ ಮೆತ್ತುತ್ತದೆ. ಮುಂದೆ ಫ್ಯಾನು ಹೆಚ್ಚಾದದ್ದನ್ನು ಊದುತ್ತದೆ, ಪಟ್ಟಿ ನಡುಗಿ ಅಲೆಗಳನ್ನು ಸಮಮಾಡುತ್ತದೆ, ತುದಿಯಲ್ಲಿ ತಿರುಗುವ ಸಣ್ಣ ಸರಳೊಂದು ತಿಂಡಿಯ ಹಿಂದೆ ಬಾಲದಂತೆ ಎಳೆದುಕೊಂಡ ಚಾಕೊಲೇಟನ್ನು ಕತ್ತರಿಸುತ್ತದೆ. ಆಮೇಲೆ ತಂಪಿನ ಸುರಂಗ. ನನಗೆ ಇಡೀ ಯಂತ್ರದಲ್ಲಿ ಹಿಡಿಸುವುದು ಆ ಬಾಲ ಕತ್ತರಿಸುವ ಸರಳು. ಕೈಯಿಂದ ಅದ್ದುವವರು ಮಣಿಕಟ್ಟಿನ ಒಂದು ತಿರುವಿನಲ್ಲಿ ಮುಗಿಸುತ್ತಿದ್ದ ಕೆಲಸ ಅದು. ಯಂತ್ರಕ್ಕೆ ಅದಕ್ಕೇ ಒಂದು ಅಂಗ ಬೇಕಾಯಿತು.

ಸುರಂಗದ ಹವೆ ತೀರಾ ತಣ್ಣಗಿದ್ದರೂ ಕೆಡುಕು. ಹೊರಬಂದ ಕೂಡಲೇ ಹೊರಗಿನ ತೇವ ಅದರ ಮೇಲೆ ಬೆವರಾಗಿ ಕೂರುತ್ತದೆ. ಕರಾವಳಿಯಲ್ಲಿ ಇದು ವರ್ಷದ ಬಹುಕಾಲದ ತಲೆನೋವು. ಕರ್ನಾಟಕದ ದೊಡ್ಡ ಚಾಕೊಲೇಟ್ ಕಾರ್ಖಾನೆ ಇರುವುದೂ ಅಂಥ ಹವೆಯಲ್ಲೇ, ಪುತ್ತೂರಿನ ಕೆಮ್ಮಿಂಜೆಯಲ್ಲಿ. ಅಡಿಕೆ ಬೆಳೆಗಾರರ ಸಂಕಟ ಕಂಡು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ 1973ರಲ್ಲಿ ಕಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಕಾರ್ಖಾನೆ ಅದು. ಅಡಿಕೆ ತೋಟದ ನೆರಳಿನಲ್ಲಿ ಉಪಬೆಳೆಯಾಗಿ ಕೊಕೊ ನೆಟ್ಟವರಿಗೆ ಬೆಲೆ ಕುಸಿದು, ಕೊಳ್ಳುವವರು ಹಿಂದೆ ಸರಿದಾಗ ಸಂಸ್ಥೆಯೇ ಕೊಕೊ ಖರೀದಿಗೆ ಇಳಿಯಿತು. 1986ರಲ್ಲಿ ಕಾರ್ಖಾನೆಯನ್ನೇ ತೆರೆಯಿತು. ಐದಾರು ದಿನ ಹುಳಿಬರಿಸಿ ಒಣಗಿಸಿದ ಬೀಜವನ್ನು ಅಲ್ಲಿ ಹುರಿದು, ಅರೆದು, ಒತ್ತುಯಂತ್ರದಲ್ಲಿ ಬೆಣ್ಣೆ ಬೇರೆ ಹುಡಿ ಬೇರೆ ಮಾಡುತ್ತಾರೆ. ಬೆಣ್ಣೆಯನ್ನು ಹೀಗೆ ಒತ್ತಿ ತೆಗೆಯುವ ವಿದ್ಯೆ 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಕುಟುಂಬದ ಕೊಡುಗೆ. ಅದಿಲ್ಲದೆ ಹೊದಿಸುವ ಚಾಕೊಲೇಟೇ ಇರುತ್ತಿರಲಿಲ್ಲ. ಅರೆದ ಕೊಕೊಗೆ ಸಕ್ಕರೆ ಸೇರಿದರೆ ಮಂದವಾಗುತ್ತದೆ, ಮೇಲೆ ಬೆಣ್ಣೆ ಬೆರೆಸಿದಾಗಲೇ ಅದು ಪರದೆಯಾಗಿ ಇಳಿಯುವುದು.

ಇನ್ನು ಐಸ್‌ಕ್ರೀಂ. ಬಿಸಿ ಚಾಕೊಲೇಟನ್ನು ಹೆಪ್ಪುಗಟ್ಟಿದ ಹಾಲಿಗೆ ಅಂಟಿಸುವುದು ಹೇಗೆ? ಅಮೆರಿಕದ ಅಯೋವಾ ರಾಜ್ಯದ ಒನಾವ ಎಂಬ ಸಣ್ಣ ಊರಿನಲ್ಲಿ ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದ ಶಾಲಾ ಮೇಷ್ಟ್ರು ಕ್ರಿಶ್ಚಿಯನ್ ನೆಲ್ಸನ್‌ಗೆ 1920ರಲ್ಲಿ ಈ ಹುಚ್ಚು ಹತ್ತಿತು. ಐಸ್‌ಕ್ರೀಂ ಕೊಳ್ಳಲೋ ಚಾಕೊಲೇಟ್ ಕೊಳ್ಳಲೋ ಎಂದು ತೀರ್ಮಾನಿಸಲಾರದೆ ನಿಂತ ಹುಡುಗನೊಬ್ಬ ಅದಕ್ಕೆ ನೆಪ. ಅಂಟಿಸುವ ಕೀಲಿಕೈ ಕೊಕೊ ಬೆಣ್ಣೆಯಲ್ಲಿದೆ ಎಂದು ಆತ ಕಂಡುಕೊಂಡ. ಎಸ್ಕಿಮೊ ಪೈ ಎಂದು ಹೆಸರಾದ ಈ ತಿನಿಸಿಗೆ 1922ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಆ ಪೇಟೆಂಟಿನ ವ್ಯಾಪ್ತಿ ಎಷ್ಟು ಅಗಲವಾಗಿತ್ತೆಂದರೆ ಐಸ್‌ಕ್ರೀಂಗೆ ಏನನ್ನು ಹೊದಿಸಿದವರೂ ಅದರ ಬಲೆಗೆ ಬೀಳುವಂತಿತ್ತು. 1929ರಲ್ಲಿ ನ್ಯಾಯಾಲಯ ಅದನ್ನು ಊರ್ಜಿತವಲ್ಲವೆಂದು ತಳ್ಳಿಹಾಕಿತು. ಸರಿಯಾದ ತೀರ್ಪು ಎನ್ನಬೇಕು.

ಇಂದಿನ ಚಾಕೊಬಾರಿನ ಹೊದಿಕೆಯಲ್ಲಿ ತೆಂಗಿನೆಣ್ಣೆಗೆ ದೊಡ್ಡ ಪಾತ್ರವಿದೆ. ಮಾಗಿಯಲ್ಲಿ ಕೆಮ್ಮಣ್ಣುಗುಂಡಿಯ ಕಡೆ ಎಣ್ಣೆ ಸೀಸೆ ಬಿಸಿಲಿಗಿಡದೆ ತಲೆಗೆ ಹಚ್ಚುವಂತಿಲ್ಲ. 24 ಡಿಗ್ರಿ ಆಸುಪಾಸಿನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ ಎಂಬ ಒಂದೇ ಕೊಬ್ಬಿನಾಮ್ಲ. ಹಾಗಾಗಿ ಹೆಪ್ಪುಗಟ್ಟುವುದೂ ಚಕ್ಕನೆ, ಕರಗುವುದೂ ಚಕ್ಕನೆ. ಮೈನಸ್ 18 ಡಿಗ್ರಿಯಲ್ಲಿ ಬರೀ ಕೊಕೊ ಬೆಣ್ಣೆಯ ಹೊದಿಕೆ ಬಿರುಸಾಗಿ ಚೂರಾಗಿ ಉದುರುತ್ತದೆ, ತಣ್ಣಗಾದ ಬಾಯಲ್ಲಿ ನಿಧಾನ ಕರಗುತ್ತದೆ. ತೆಂಗಿನೆಣ್ಣೆ ಬೆರೆತದ್ದು ಅದ್ದಿ ತೆಗೆದ ಕೆಲವೇ ಕ್ಷಣಗಳಲ್ಲಿ ತೆಳ್ಳಗೆ ಕೂರುತ್ತದೆ. ತಿಪಟೂರು, ಅರಸೀಕೆರೆ, ಕಡೂರಿನ ತೆಂಗಿನ ಸಾಲು ಈ ಕಥೆಯೊಳಗೆ ಬರುವುದು ಇಲ್ಲಿ. ಐರೋಪ್ಯ ಒಕ್ಕೂಟದ 2000ದ ಚಾಕೊಲೇಟ್ ನಿಯಮ ಕೂಡ ತೆಂಗಿನೆಣ್ಣೆಗೆ ಐಸ್‌ಕ್ರೀಂನಂಥ ತಿನಿಸಿನ ಹೊದಿಕೆಗೆ ಮಾತ್ರ ಬಾಗಿಲು ತೆರೆದಿದೆ.

ಬೇರೆ ಕಡೆ ಏಕಿಲ್ಲ? ಲಾರಿಕ್ ಕೊಬ್ಬಿಗೂ ಕೊಕೊ ಬೆಣ್ಣೆಗೂ ಹೊಂದಿಕೆಯಾಗದು. ಎರಡೂ ಬೆರೆತರೆ ಹರಳಿನ ಜೋಡಣೆ ಕೆಟ್ಟು, ಎರಡರಲ್ಲಿ ಯಾವುದಕ್ಕೂ ಇಲ್ಲದಷ್ಟು ಮೆತ್ತಗಿನ ಮುದ್ದೆಯಾಗುತ್ತದೆ. ಅಗ್ಗದ ದಾರಿ ಹಿಡಿದವರು ಕೊಕೊ ಬೆಣ್ಣೆಯನ್ನೇ ಕೈಬಿಟ್ಟು, ಕೊಕೊ ಹುಡಿಗೆ ತಾಳೆಬೀಜದ ಕೊಬ್ಬು ಬೆರೆಸುತ್ತಾರೆ. ಇದು ಕಾಂಪೌಂಡ್. ಟೆಂಪರಿಂಗ್ ಬೇಕಿಲ್ಲ, ಕರಗಿಸಿ ಅಚ್ಚಿಗೆ ಸುರಿದರೆ ಆಯಿತು. ಗಿರಿಧಾಮಗಳ ‘ಹೋಂಮೇಡ್’ ಚಾಕೊಲೇಟ್ ಬಹಳಷ್ಟು ಸಲ ಇದೇ. ಕೊಕೊ ಬೆಣ್ಣೆಗೆ ಹೇಳಿ ಮಾಡಿಸಿದಂಥ ಹವೆ ಇರುವ ಊರಿನಲ್ಲಿ ಕುಳಿತು ಅದಿಲ್ಲದ ಚಾಕೊಲೇಟ್ ಮಾರುವುದು ನನಗೆ ಸ್ವಲ್ಪ ಬೇಸರದ ಸಂಗತಿ.

ಬಯಲಿನ ಬಿಸಿಲಿಗೆ ಉತ್ತರ ಘಟ್ಟದ ಕಾಡಿನಲ್ಲೇ ಇದೆ. ಮಲೆನಾಡಿನ ಮುರುಗಲು, ಕರಾವಳಿಯ ಪುನರ್ಪುಳಿ, ಎರಡೂ ಒಂದೇ ಮರ. ಸಿಪ್ಪೆ ಶರಬತ್ತಿಗೆ ಹೋದರೆ ಬೀಜವನ್ನು ಒಣಗಿಸಿ, ಜಜ್ಜಿ, ನೀರಿನಲ್ಲಿ ಕುದಿಸಿ ತೇಲಿದ ಕೊಬ್ಬನ್ನು ತೆಗೆಯುತ್ತಾರೆ. ಆರಿದ ಮೇಲೆ ಕಲ್ಲಿನಷ್ಟು ಗಟ್ಟಿ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಇದು. ಕೊಕೊ ಬೆಣ್ಣೆಯ ಅಣುಗಳಿಗೆ ಇದರ ಅಣುಗಳು ಹತ್ತಿರದ ನಂಟರು, ಹಾಗಾಗಿ ಒಂದೇ ಹರಳಿನಲ್ಲಿ ಜೊತೆಯಾಗಿ ಕೂರುತ್ತವೆ. ಕರಗುವುದು ಮಾತ್ರ 38-40 ಡಿಗ್ರಿಯಲ್ಲಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಈ ಕೊಬ್ಬನ್ನು ಚಾಕೊಲೇಟಿಗೆ ಬೆರೆಸಿ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಐದರಷ್ಟು ಸೇರಿಸಿದರೆ ಚಾಕೊಲೇಟ್ ಗಡುಸಾಗಿ ಬಿಸಿನಾಡಿನ ಹವೆಗೆ ತಾಳುತ್ತದೆ ಎಂದು ತೋರಿಸಿದರು. ಐರೋಪ್ಯ ನಿಯಮ ಚಾಕೊಲೇಟಿಗೆ ಒಪ್ಪುವ ಆರು ಪರಕೀಯ ಕೊಬ್ಬುಗಳಲ್ಲಿ ಮುರುಗಲು, ಮಾವಿನ ಓಟೆ, ಸಾಲ್ ಮರದ ಬೀಜ ಮೂರೂ ನಮ್ಮ ನೆಲದವು. ಅಲ್ಲಿಯ ಮಿತಿಯೂ ಐದೇ.

ಐದನ್ನು ಮೀರಿ ಹೋದರೆ ಚಾಕೊಲೇಟ್ ಬಿಸಿಲಿಗೂ ಜಗ್ಗುವುದಿಲ್ಲ, ಬಾಯಿಗೂ ಜಗ್ಗುವುದಿಲ್ಲ. ನಾಲಗೆಗೆ ಮೇಣ ಹತ್ತುತ್ತದೆ. ಬಿಸಿಲಿಗೆ ಗೆದ್ದು ಬಾಯಿಗೆ ಸೋತ ಚಾಕೊಲೇಟಿಗೆ ಹಳೆಯ ಉದಾಹರಣೆಯೂ ಇದೆ. 1937ರಲ್ಲಿ ಅಮೆರಿಕದ ಸೇನೆ ಹರ್ಷಿ ಕಂಪನಿಗೆ ಬಿಸಿಲಿಗೆ ಕರಗದ ಚಾಕೊಲೇಟ್ ಮಾಡಿಕೊಡಲು ಕೇಳಿತು. ಸೈನಿಕರು ಹಸಿವಿಲ್ಲದಾಗಲೂ ತಿಂದು ಮುಗಿಸಬಾರದೆಂದು, ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪವೇ ಮೇಲಿರಲಿ ಎಂಬ ಷರತ್ತೂ ಇತ್ತು. ಓಟ್ಸ್ ಹಿಟ್ಟು ಸೇರಿಸಿ ಮಾಡಿದ ಆ ಪಟ್ಟಿ 49 ಡಿಗ್ರಿಯವರೆಗೆ ತಾಳಿತು. ಹಲ್ಲಿಗೆ ಮಣಿಯದೆ ಸೈನಿಕರು ಅದನ್ನು ಚಾಕುವಿನಿಂದ ಕೆರೆದು ತಿನ್ನುತ್ತಿದ್ದರು.